ಓದುಗರ ಪ್ರಶ್ನೆ, ನಮ್ಮ ಉತ್ತರ: ಲ್ಯಾನ್ ಪಾರ್ಟಿಗೆ ಹೋಗುವವರಿಗೂ ನಡೆಸುವವರಿಗೂ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ಆಟಗಳ ಲ್ಯಾನ್ ಪಾರ್ಟಿಯನ್ನು, ಎಂದರೆ ತಂತಮ್ಮ ಕಂಪ್ಯೂಟರುಗಳನ್ನು ತಂದು ಒಂದೆಡೆ ಜೋಡಿಸಿ ಆಡುವ ಕೂಟವನ್ನು, ಕುರಿತವು. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಐದು ಪ್ರಶ್ನೆಗಳಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಪಿಯುಸಿ ಮುಗಿಸಿರುವ ನನ್ನ ಮಗ ತನ್ನ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಕಾರಿನಲ್ಲಿ ಹೇರಿಕೊಂಡು, ಮೈಸೂರಿನಲ್ಲಿ ಎರಡು ರಾತ್ರಿ ನಡೆಯುವ ಲ್ಯಾನ್ ಪಾರ್ಟಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಮನೆಯಲ್ಲೇ ಇಂಟರ್ನೆಟ್ ಇರುವಾಗ ಇದೆಲ್ಲ ಏಕೆ? ಕಳುಹಿಸಬಹುದೇ?
– ಒಬ್ಬ ತಾಯಿ, ತುಮಕೂರು

ಉತ್ತರ: ಕಳುಹಿಸಬಹುದು, ಆದರೆ ಮೊದಲು ಕೆಲವು ವಿಷಯಗಳನ್ನು ವಿಚಾರಿಸಿಕೊಳ್ಳಿ. ಒಂದೇ ಕಟ್ಟಡದಲ್ಲಿರುವ ಕಂಪ್ಯೂಟರುಗಳನ್ನು ಕೇಬಲ್‌ಗಳಿಂದ ಪರಸ್ಪರ ಜೋಡಿಸಿದರೆ ಅದು ಲ್ಯಾನ್. 1993ರ ಡಿಸೆಂಬರಿನಲ್ಲಿ ಹೊರಬಂದ ಡೂಮ್ ಆಟವನ್ನು ಇಂಥ ಜಾಲದಲ್ಲಿ ನಾಲ್ವರು ಏಕಕಾಲಕ್ಕೆ ಆಡಬಹುದಾಗಿತ್ತು. 1996ರಲ್ಲಿ ಕ್ವೇಕ್ ಬಂದ ಮೇಲೆ, ಯಂತ್ರಗಳನ್ನು ಹೊತ್ತುಕೊಂಡು ಒಂದೆಡೆ ಸೇರುವ ಪದ್ಧತಿ ಅಮೆರಿಕ ಮತ್ತು ಯುರೋಪಿನಲ್ಲಿ ಬಲಗೊಂಡಿತು. ನಮ್ಮಲ್ಲಿ 2000ದ ನಂತರದ ದಶಕದಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳೂ ಸೈಬರ್ ಕೆಫೆಗಳೂ ಕೌಂಟರ್-ಸ್ಟ್ರೈಕ್ ಮತ್ತು ಏಜ್ ಆಫ್ ಎಂಪೈರ್ಸ್ ಆಟಗಳ ಮೂಲಕ ಇದನ್ನೇ ಚಿಕ್ಕ ಪ್ರಮಾಣದಲ್ಲಿ ಮಾಡುತ್ತಿದ್ದವು. ಆಗ ಮನೆಯ ಇಂಟರ್ನೆಟ್ ನಿಧಾನವಾಗಿದ್ದುದರಿಂದ ಬೇರೆ ದಾರಿ ಇರಲಿಲ್ಲ. ಇಂದಿಗೂ ಲ್ಯಾನ್‌ನಲ್ಲಿ ಒಂದು ಸಂದೇಶ ಹೋಗಿ ಬರಲು ಸಾಮಾನ್ಯವಾಗಿ ಒಂದು ಮಿಲಿಸೆಕೆಂಡ್ ಸಾಕು, ದೂರದ ನಗರದ ಸರ್ವರ್‌ಗಾದರೆ ಹತ್ತಾರು ಮಿಲಿಸೆಕೆಂಡ್ ಬೇಕು. ಆದರೂ ಈಗಿನ ಹುಡುಗರು ಹೋಗುವುದು ಆ ಮಿಲಿಸೆಕೆಂಡುಗಳಿಗಾಗಿ ಎಂದು ನನಗನ್ನಿಸುವುದಿಲ್ಲ. ತಿಂಗಳುಗಟ್ಟಲೆ ಹೆಡ್‌ಫೋನಿನಲ್ಲಿ ದನಿ ಮಾತ್ರ ಕೇಳಿದ ಜೊತೆಗಾರರ ಪಕ್ಕದಲ್ಲಿ ಕುಳಿತು ಸೋಲುವುದಕ್ಕೂ ಗೆಲ್ಲುವುದಕ್ಕೂ ಬೇರೆಯೇ ರುಚಿಯಿದೆ.

ಜವಾಬ್ದಾರಿ ಹೊತ್ತ ಹಿರಿಯರು ಯಾರು, ಅವರ ದೂರವಾಣಿ ಸಂಖ್ಯೆ ಯಾವುದು, ಮಲಗಲು ಪ್ರತ್ಯೇಕ ಕೋಣೆ ಇದೆಯೇ, ರಾತ್ರಿ ಬಾಗಿಲಿನಲ್ಲಿ ಯಾರಿರುತ್ತಾರೆ, ಹಣ ಕಟ್ಟಿ ಆಡುವ ಪಂದ್ಯಗಳೇನಾದರೂ ಇವೆಯೇ ಎಂದು ನಡೆಸುವವರನ್ನೇ ನೇರವಾಗಿ ಕೇಳಿ. ಉತ್ತರ ಕೊಡಲು ತಡವರಿಸಿದರೆ ಕಳುಹಿಸಬೇಡಿ. ಮಗನಿಗೆ ಹೇಳಬೇಕಾದದ್ದು ಬೇರೆ: ಭಾರವಾದ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಬೇರೆಯಾಗಿ ಒಯ್ಯಬೇಕು, ಮಾನಿಟರನ್ನು ಅದರ ಮೂಲ ಪೆಟ್ಟಿಗೆಯಲ್ಲೇ ಇಡಬೇಕು, ಪ್ರತಿ ವಸ್ತುವಿನ ಮೇಲೂ ಹೆಸರಿನ ಚೀಟಿ ಅಂಟಿಸಿ ಸೀರಿಯಲ್ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು. ಹತ್ತು ಮೀಟರ್ ನೆಟ್‌ವರ್ಕ್ ಕೇಬಲ್, ಮೂರು ಪಿನ್ನಿನ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಮತ್ತು ಹೆಡ್‌ಫೋನ್ ಅವನ ಚೀಲದಲ್ಲಿರಲಿ. ಸ್ಪೀಕರ್ ಒಯ್ಯುವವನನ್ನು ಯಾವ ಲ್ಯಾನ್ ಪಾರ್ಟಿಯಲ್ಲೂ ಯಾರೂ ಇಷ್ಟಪಡುವುದಿಲ್ಲ.

ಪ್ರಶ್ನೆ: ನಮ್ಮ ಎಂಜಿನಿಯರಿಂಗ್ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ 40 ಕಂಪ್ಯೂಟರುಗಳ ಲ್ಯಾನ್ ಪಾರ್ಟಿ ನಡೆಸಲು ಪ್ರಾಂಶುಪಾಲರು ಒಪ್ಪಿದ್ದಾರೆ. ವೇಗದ ಇಂಟರ್ನೆಟ್ ಮತ್ತು ದುಬಾರಿ ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರುಗಳ ಕೇಬಲ್‌ಗಳನ್ನು ಒಂದೆಡೆ ಜೋಡಿಸುವ ಪೆಟ್ಟಿಗೆ) ಇದ್ದರೆ ಸಾಕೆಂದು ಗೆಳೆಯರು ಹೇಳುತ್ತಾರೆ. ಯಾವುದರಿಂದ ಆರಂಭಿಸಬೇಕು?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ವಿದ್ಯುತ್ತಿನಿಂದ ಆರಂಭಿಸಿ. ಆಟ ನಡೆಯುತ್ತಿರುವಾಗ ಮಾನಿಟರ್ ಸಹಿತ ಒಂದು ಗೇಮಿಂಗ್ ಕಂಪ್ಯೂಟರ್ ಸುಮಾರು 300ರಿಂದ 500 ವ್ಯಾಟ್ ಎಳೆಯುತ್ತದೆ. ಲೆಕ್ಕಕ್ಕೆ 450 ವ್ಯಾಟ್ ಹಿಡಿದರೆ ನಿಮ್ಮ 40 ಯಂತ್ರಗಳಿಗೆ 18 ಕಿಲೋವ್ಯಾಟ್ ಆಯಿತು. ಹಾಲ್‌ನ ಗೋಡೆಯಲ್ಲಿರುವ 6 ಆಂಪಿಯರಿನ ಒಂದು ಪಾಯಿಂಟ್ 230 ವೋಲ್ಟ್‌ನಲ್ಲಿ ಕೊಡಬಲ್ಲದ್ದು ಹೆಚ್ಚೆಂದರೆ 1,380 ವ್ಯಾಟ್; ಮೇಲಾಗಿ ಒಂದೇ ಗೋಡೆಯ ಆರು ಪಾಯಿಂಟುಗಳು ಬಹುಮಟ್ಟಿಗೆ ಒಂದೇ ಎಂಸಿಬಿಯ (ಹೊರೆ ಹೆಚ್ಚಾದಾಗ ತಾನಾಗಿ ಕರೆಂಟು ಕಡಿಯುವ ಸ್ವಿಚ್‌ನ) ಕೆಳಗೆ ಇರುತ್ತವೆ. ಆದ್ದರಿಂದ ಪಾಯಿಂಟುಗಳನ್ನು ಎಣಿಸಬೇಡಿ, ಎಂಸಿಬಿಗಳನ್ನು ಎಣಿಸಿ. 16 ಆಂಪಿಯರಿನ ಒಂದು ಸರ್ಕ್ಯೂಟ್ 3,680 ವ್ಯಾಟ್ ತಡೆಯುತ್ತದೆಯಾದರೂ ಗಂಟೆಗಟ್ಟಲೆ ಎಳೆಯುವಾಗ ಅದರ ಶೇ 80ನ್ನು ಮೀರದಿರುವುದು ಕ್ಷೇಮ. ಎಂದರೆ ಒಂದು ಸರ್ಕ್ಯೂಟಿಗೆ ಆರು ಕಂಪ್ಯೂಟರ್, ಒಟ್ಟು ಏಳು ಸರ್ಕ್ಯೂಟ್, ಅವೂ ಮೂರು ಫೇಸ್‌ಗಳಿಗೆ ಹಂಚಿಹೋಗಿರಬೇಕು. ಇದನ್ನು ಕಾಲೇಜಿನ ಎಲೆಕ್ಟ್ರಿಷಿಯನ್ ಮಾತ್ರ ಮಾಡಬೇಕು. ಅವರನ್ನು ಮೊದಲ ಸಭೆಗೇ ಕರೆಯಿರಿ, ಕೊನೆಯ ದಿನ ಓಡಿಹೋಗಿ ಕಾಡಬೇಡಿ. ಅರ್ಥಿಂಗ್ ಸರಿಯಿಲ್ಲದ ಹಾಲ್‌ನಲ್ಲಿ ಕ್ಯಾಬಿನೆಟ್ ಮುಟ್ಟಿದವರ ಕೈ ಜುಮ್ಮೆನ್ನುತ್ತದೆ. ಹಾಗಾದರೆ ಅದು ಸರಿಯಾಗುವವರೆಗೆ ಒಂದು ಯಂತ್ರವನ್ನೂ ಆನ್ ಮಾಡಬಾರದು. ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕಿಸುವುದನ್ನು ನಿಷೇಧಿಸಿ. ಚಹಾ ಕಾಯಿಸುವ ಎಲೆಕ್ಟ್ರಿಕ್ ಕೆಟಲ್ ಒಂದೇ 1,500 ವ್ಯಾಟ್ ನುಂಗಬಲ್ಲದು. ಅದು ಆಟದ ಸರ್ಕ್ಯೂಟುಗಳ ಹತ್ತಿರವೂ ಸುಳಿಯಬಾರದು.

ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹಾಲ್‌ನಲ್ಲೇ ಉಳಿಯುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಯಂತ್ರಗಳ 18 ಕಿಲೋವ್ಯಾಟಿಗೆ, ತಲಾ ಸುಮಾರು 100 ವ್ಯಾಟ್ ಶಾಖ ಬಿಡುವ 40 ಜನರ 4 ಕಿಲೋವ್ಯಾಟ್ ಸೇರಿಸಿ. ಒಂದು ಟನ್ನಿನ ಏಸಿ ಹೊರಹಾಕುವುದು ಸುಮಾರು 3.5 ಕಿಲೋವ್ಯಾಟ್ ಆದ್ದರಿಂದ, ದಾವಣಗೆರೆಯ ಏಪ್ರಿಲ್ ಬಿಸಿಲು ಬರುವ ಮೊದಲೇ ನಿಮಗೆ ಆರು ಟನ್ನಿಗೂ ಹೆಚ್ಚು ಬೇಕಾಯಿತು. ಡಿಸೆಂಬರ್ ಅಥವಾ ಜನವರಿಯಲ್ಲಿ ನಡೆಸಿ, ಕಿಟಕಿ ತೆರೆದು ಫ್ಯಾನ್ ಹಾಕಿ; ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಮದುವೆಗೆ ಬಾಡಿಗೆಗೆ ಬರುವ ಜನರೇಟರನ್ನು ತರಿಸುವುದಾದರೆ ಇದೇ ಲೆಕ್ಕವನ್ನು ಅದರ ಮಾಲೀಕರ ಮುಂದಿಡಿ. ಕರೆಂಟು ಹೋಗಿ ಜನರೇಟರ್ ಹೊತ್ತಿಕೊಳ್ಳುವ ನಡುವಿನ ಕೆಲವು ಸೆಕೆಂಡುಗಳಲ್ಲಿ ಸರ್ವರ್ ಮತ್ತು ಸ್ವಿಚ್‌ಗಳಾದರೂ ಬದುಕಿರುವಂತೆ ಅವುಗಳಿಗೆ ಯುಪಿಎಸ್ ಕೊಡಿ.

ಜಾಲದ ವಿಷಯ ಇದಕ್ಕಿಂತ ಸುಲಭ. ಪ್ರತಿ ಸಾಲಿಗೊಂದು 16 ಪೋರ್ಟಿನ ಗಿಗಾಬಿಟ್ ಸ್ವಿಚ್ ಇಟ್ಟು, ಅವೆಲ್ಲವನ್ನೂ ನಡುವಿನ ಒಂದೇ ಸ್ವಿಚ್‌ಗೆ ನೇರವಾಗಿ ಜೋಡಿಸಿ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತ ಹೋಗಬೇಡಿ. ವೈ-ಫೈ ಬೇಡವೇ ಬೇಡ: 40 ಜನ ಒಂದೇ ಗಾಳಿಯನ್ನು ಹಂಚಿಕೊಂಡಾಗ ವಿಳಂಬ ಏರಿಳಿಯುತ್ತದೆ. ಹಾಲ್ ಸ್ತಬ್ಧವಾಗುವುದು ಸಾಮಾನ್ಯವಾಗಿ ಎರಡು ಕಾರಣಗಳಿಂದ. ಯಾರೋ ಒಂದೇ ಕೇಬಲ್‌ನ ಎರಡೂ ತುದಿಗಳನ್ನು ಒಂದೇ ಸ್ವಿಚ್‌ಗೆ ಸಿಕ್ಕಿಸಿರುತ್ತಾರೆ. ಅಗ್ಗದ ಸ್ವಿಚ್‌ಗಳಲ್ಲಿ ಆಗ ಎಲ್ಲರಿಗೂ ಕಳುಹಿಸಿದ ಸಂದೇಶಗಳು ಕೊನೆಯಿಲ್ಲದೆ ಸುತ್ತುತ್ತ ಜಾಲವನ್ನೇ ತುಂಬಿಬಿಡುತ್ತವೆ. ಇಲ್ಲವೇ ಯಾರೋ ಮನೆಯ ರೂಟರನ್ನು ತಂದು ಜೋಡಿಸಿರುತ್ತಾರೆ; ಅದು ತನ್ನದೇ ಐಪಿ ವಿಳಾಸಗಳನ್ನು (ಜಾಲದಲ್ಲಿ ಪ್ರತಿ ಯಂತ್ರವನ್ನು ಗುರುತಿಸುವ ಸಂಖ್ಯೆಗಳನ್ನು) ಹಂಚತೊಡಗಿ ಅರ್ಧ ಹಾಲ್ ಇನ್ನರ್ಧಕ್ಕೆ ಕಾಣದಾಗುತ್ತದೆ. ಪ್ರತಿ ಕೇಬಲ್‌ನ ಎರಡೂ ತುದಿಗೆ ಸಂಖ್ಯೆ ಅಂಟಿಸಿದ್ದರೆ ಇವೆರಡನ್ನೂ ಐದು ನಿಮಿಷದಲ್ಲಿ ಪತ್ತೆಹಚ್ಚಬಹುದು. (ಇದರಲ್ಲಿ ಆಟದ್ದೇ ತಪ್ಪಿದ್ದ ಕಾಲವೂ ಇತ್ತು: ಡೂಮ್‌ನ ಮೊದಮೊದಲ ಆವೃತ್ತಿಗಳು ಪ್ರತಿ ಸಂದೇಶವನ್ನೂ ಜಾಲದ ಎಲ್ಲ ಯಂತ್ರಗಳಿಗೆ ಕಳುಹಿಸುತ್ತಿದ್ದುದರಿಂದ ಕಚೇರಿ, ವಿಶ್ವವಿದ್ಯಾಲಯಗಳ ಜಾಲಗಳೇ ಕುಸಿದು ಅಲ್ಲಿ ಆಟಕ್ಕೆ ನಿಷೇಧ ಬಿದ್ದಿತ್ತು.)

ಇನ್ನು ಇಂಟರ್ನೆಟ್. ಆಟಕ್ಕೆ ಅದು ಬೇಕಾಗುವುದು ಅತ್ಯಲ್ಪ, ಅಪ್‌ಡೇಟ್‌ಗಳಿಗೆ ಬೇಕಾಗುವುದು ಅಪಾರ. 50 ಜಿಬಿಯ ಒಂದು ಆಟ 100 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಯಲು ಒಂದು ಗಂಟೆಯ ಮೇಲಾಗುತ್ತದೆ. ನಲವತ್ತು ಜನ ಬಂದ ಕೂಡಲೇ ಅದನ್ನೇ ಇಳಿಸಲು ಕುಳಿತರೆ ಎರಡು ದಿನಗಳ ಪಾರ್ಟಿ ಅದರಲ್ಲೇ ಮುಗಿಯುತ್ತದೆ. ಮನೆಯಲ್ಲೇ ಎಲ್ಲವನ್ನೂ ಅಪ್‌ಡೇಟ್ ಮಾಡಿಕೊಂಡು ಬರಲು ಹೇಳಿ. ಅದರ ಜೊತೆಗೆ, ಒಮ್ಮೆ ಇಳಿದದ್ದನ್ನು ಉಳಿಸಿಕೊಂಡು ಉಳಿದವರಿಗೆ ಸ್ಥಳದಲ್ಲೇ ಹಂಚುವ ಲ್ಯಾನ್‌ಕ್ಯಾಶ್ ಎಂಬ ಉಚಿತ ತಂತ್ರಾಂಶವನ್ನು ಒಂದು ಹಳೆಯ ಕಂಪ್ಯೂಟರಿನಲ್ಲಿ ಹಾಕಿಡಿ. ಅದನ್ನೂ ಒಂದು ವಾರ ಮೊದಲೇ ಪರೀಕ್ಷಿಸಿ.

ಕೊನೆಯದಾಗಿ, ರಾತ್ರಿಯ ಪಾಳಿಯಲ್ಲಿ ಆಡದೆ ಎಚ್ಚರವಾಗಿರುವ ಇಬ್ಬರು ಇರಲೇಬೇಕು. ಎಲ್ಲರೂ ಆಡುತ್ತಲೇ ನಡೆಸುತ್ತೇವೆಂದರೆ, ಬೆಳಗಿನ ಜಾವ ಮೂರಕ್ಕೆ ಸುಟ್ಟ ವಾಸನೆ ಬಂದರೂ ಪಂದ್ಯ ಮುಗಿಯುವವರೆಗೆ ಯಾರೂ ಏಳುವುದಿಲ್ಲ.

ಪ್ರಶ್ನೆ: ಸಕಲೇಶಪುರದ ಹೋಂಸ್ಟೇಯಲ್ಲಿ ಎಂಟು ಗೆಳೆಯರು ಸೇರುತ್ತಿದ್ದೇವೆ. ಅಲ್ಲಿ ಇಂಟರ್ನೆಟ್ ಇಲ್ಲವೆನ್ನುವಷ್ಟು ಕಡಿಮೆ. ಯಾವ ಆಟಗಳನ್ನು ಆಡಬಹುದು?
– ಓದುಗ, ಹಾಸನ

ಉತ್ತರ: ಹೊಸ ಆಟಗಳ ದೊಡ್ಡ ಕೊರತೆಯನ್ನೇ ನೀವು ಮುಟ್ಟಿದ್ದೀರಿ. 2010ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ 2ರಿಂದ ಅದರ ಕಂಪನಿ ಲ್ಯಾನ್ ಸೌಲಭ್ಯವನ್ನೇ ಕೈಬಿಟ್ಟಾಗ ಆಟಗಾರರು ಸಾಕಷ್ಟು ಪ್ರತಿಭಟಿಸಿದರು, ಫಲವಾಗಲಿಲ್ಲ. ವ್ಯಾಲೊರಂಟ್, ಲೀಗ್ ಆಫ್ ಲೆಜೆಂಡ್ಸ್ ಮುಂತಾದವು ಕಂಪನಿಯ ಸರ್ವರ್ ಇಲ್ಲದೆ ನಡೆಯುವುದೇ ಇಲ್ಲ; ಪಕ್ಕದಲ್ಲೇ ಕುಳಿತ ಇಬ್ಬರೂ ದೂರದ ಊರಿನ ಮೂಲಕವೇ ಪರಸ್ಪರ ಗುಂಡು ಹಾರಿಸಬೇಕು. ನಿಮಗೆ ಒದಗುವವು ಕೌಂಟರ್-ಸ್ಟ್ರೈಕ್ 1.6ರಂಥ ಹಳೆಯವು, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ, ಮತ್ತು ಓಪನ್‌ಅರೀನಾ, ಕ್ಸೊನೊಟಿಕ್, ಸೂಪರ್‌ಟಕ್ಸ್‌ಕಾರ್ಟ್, 0 ಎ.ಡಿ.ಯಂಥ ಉಚಿತ ಮುಕ್ತ ತಂತ್ರಾಂಶದ ಆಟಗಳು. ಇವುಗಳಲ್ಲಿ ಕೊನೆಯದು ಏಜ್ ಆಫ್ ಎಂಪೈರ್ಸ್ ಪ್ರಿಯರಿಗೆ ಖಂಡಿತ ಹಿಡಿಸುತ್ತದೆ. ಹೊರಡುವ ಮೊದಲು ಮನೆಯಲ್ಲಿ ಎರಡು ಕಂಪ್ಯೂಟರುಗಳನ್ನು ಜೋಡಿಸಿ, ಇಂಟರ್ನೆಟ್ ಕಿತ್ತುಹಾಕಿ ಆಡಿ ನೋಡಿ. ಎಲ್ಲರ ಬಳಿಯೂ ಒಂದೇ ಆವೃತ್ತಿ ಇರಲಿ. ಒಬ್ಬರ ಯಂತ್ರ ಮಾತ್ರ ಕಾಣಿಸದಿದ್ದರೆ ಸಾಮಾನ್ಯವಾಗಿ ಹೊರಗಿನ ಸಂಪರ್ಕಗಳನ್ನು ತಡೆಯುವ ವಿಂಡೋಸ್ ಫೈರ್‌ವಾಲ್ ಅಡ್ಡ ನಿಂತಿರುತ್ತದೆ.

ಪ್ರಶ್ನೆ: ನಾನು ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಓದುತ್ತಿದ್ದೇನೆ. ಹಾಮಾರ್‌ನಲ್ಲಿ ನಡೆಯುವ ‘ದಿ ಗ್ಯಾದರಿಂಗ್’ಗೆ ಸಹಪಾಠಿಗಳು ಸ್ವಯಂಸೇವಕರಾಗಿ ಹೋಗುತ್ತಾರಂತೆ. ನನಗೆ ಆಟ ಅಷ್ಟಾಗಿ ಬಾರದು. ನನ್ನಿಂದ ಏನು ಪ್ರಯೋಜನ?
– ವಿದ್ಯಾರ್ಥಿನಿ, ಮೂಲತಃ ಧಾರವಾಡ

ಉತ್ತರ: ಆಟ ಬಾರದಿರುವುದು ಸ್ವಯಂಸೇವಕರಿಗೆ ಒಂದು ಅರ್ಹತೆಯೇ ಸರಿ. 1992ರಲ್ಲಿ ಆರಂಭವಾದ ಈ ಕೂಟ ಈಸ್ಟರ್ ರಜೆಯಲ್ಲಿ ಸೇರುತ್ತದೆ. ಅದರ ಬೇರು ಇರುವುದು ಕಂಪ್ಯೂಟರಿನಲ್ಲಿ ಚಿತ್ರ, ಸಂಗೀತ ಮತ್ತು ಪ್ರೋಗ್ರಾಮ್‌ಗಳನ್ನು ರಚಿಸಿ ಸ್ಪರ್ಧಿಸುತ್ತಿದ್ದ ಡೆಮೊಸೀನ್ ಎಂಬ ಬಳಗದಲ್ಲಿ. ಆ ಸ್ಪರ್ಧೆಗಳು ಆಟಗಳ ಜೊತೆಜೊತೆಗೇ ಉಳಿದುಬಂದಿವೆ. ಹಾಮಾರ್‌ನ ವೈಕಿಂಗ್‌ಸ್ಕಿಪೆಟ್, 1994ರ ಲಿಲ್ಲೆಹಾಮರ್ ಚಳಿಗಾಲದ ಒಲಿಂಪಿಕ್ಸ್‌ನ ಸ್ಕೇಟಿಂಗ್‌ಗೆಂದು ಮಗುಚಿದ ವೈಕಿಂಗ್ ಹಡಗಿನ ಆಕಾರದಲ್ಲಿ ಕಟ್ಟಿದ ಸಭಾಂಗಣ. ಸಾವಿರಾರು ಜನ ತಮ್ಮ ಯಂತ್ರಗಳೊಂದಿಗೆ ಅದರಲ್ಲಿ ಸಾಲುಸಾಲಾಗಿ ಕೂರುತ್ತಾರೆ. ಲಾಭದ ಉದ್ದೇಶವಿಲ್ಲದ ಸಂಘವೊಂದು ಇದನ್ನು ನಡೆಸುತ್ತದೆ, ದುಡಿಯುವವರು ಸಂಬಳವಿಲ್ಲದ ನೂರಾರು ಸ್ವಯಂಸೇವಕರು. ಜಾಲ ಕಟ್ಟುವವರು ಮಾತ್ರವಲ್ಲದೆ ಬಾಗಿಲು ಕಾಯುವವರು, ಮಾಹಿತಿ ಮೇಜಿನಲ್ಲಿ ಕೂರುವವರು, ಪ್ರಥಮ ಚಿಕಿತ್ಸೆ ಕೊಡುವವರು, ಸ್ವಯಂಸೇವಕರಿಗೇ ಅಡುಗೆ ಮಾಡುವವರು ಎಲ್ಲರೂ ಬೇಕು. ಅರ್ಜಿಯಲ್ಲಿ ನಿಮ್ಮ ನಾರ್ವೇಜಿಯನ್ ಎಷ್ಟರಮಟ್ಟಿಗಿದೆ ಎಂಬುದನ್ನು ಇದ್ದಂತೆಯೇ ಬರೆಯಿರಿ. ನೆಟ್‌ವರ್ಕಿಂಗ್ ಓದುತ್ತಿದ್ದರೆ ಜಾಲದ ತಂಡವನ್ನೇ ಕೇಳಿ. ಸಾವಿರಾರು ಯಂತ್ರಗಳ ಜಾಲವನ್ನು ಖಾಲಿ ಸಭಾಂಗಣದಲ್ಲಿ ಕೆಲವೇ ದಿನಗಳಲ್ಲಿ ಎಬ್ಬಿಸಿ ಮತ್ತೆ ಬಿಚ್ಚುವ ಕೆಲಸ ಯಾವ ಪ್ರಯೋಗಾಲಯದಲ್ಲೂ ಸಿಗದು. ಬಿಚ್ಚುವ ದಿನಕ್ಕೂ ಹೆಸರು ಕೊಡಿ, ಏಕೆಂದರೆ ಆ ಹೊತ್ತಿಗೆ ನಿದ್ದೆಗೆಟ್ಟವರೇ ಹೆಚ್ಚಾಗಿ, ದುಡಿಯುವ ಕೈಗಳು ಕಡಿಮೆಯಾಗಿರುತ್ತವೆ.

ಪ್ರಶ್ನೆ: ಪ್ರವೇಶ ಶುಲ್ಕ ಪಡೆದು ಗೆದ್ದ ತಂಡಕ್ಕೆ ನಗದು ಬಹುಮಾನ ಕೊಟ್ಟರೆ ಜೂಜಾಗುತ್ತದೆಯೇ?
– ಯುವಕ ಸಂಘದ ಕಾರ್ಯದರ್ಶಿ, ಹುಬ್ಬಳ್ಳಿ

ಉತ್ತರ: 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಗೆಲುವಿನ ಆಸೆಯಿಂದ ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾದರೂ ಅದೃಷ್ಟದವಾದರೂ, ನಿಷೇಧಿಸಿದೆ. ಇ-ಸ್ಪೋರ್ಟ್ಸ್ ಅನ್ನು ಅದು ಬೇರೆಯಾಗಿ ಗುರುತಿಸಿದ್ದು, ಅಲ್ಲಿ ಸ್ಪರ್ಧೆಯ ಪ್ರವೇಶಕ್ಕೆ ಅಥವಾ ಆಡಳಿತ ವೆಚ್ಚಕ್ಕೆ ಮಾತ್ರ ಶುಲ್ಕ ಪಡೆಯಲು ಮತ್ತು ಸಾಧನೆಗೆ ಬಹುಮಾನ ಕೊಡಲು ಅವಕಾಶವಿದೆ. ಆದರೆ ಆ ಮಾನ್ಯತೆಗೆ ನೋಂದಣಿಯಂಥ ಷರತ್ತುಗಳಿವೆ. ನಿಮ್ಮ ಸಂಘದ ಮಟ್ಟಕ್ಕೆ ನನ್ನ ಸಲಹೆ ಸರಳ: ಶುಲ್ಕದಿಂದ ಬಂದ ಹಣ ಹಾಲ್ ಬಾಡಿಗೆ, ವಿದ್ಯುತ್, ಊಟಕ್ಕೆ ಮಾತ್ರ ಹೋಗಲಿ, ಅದರ ಲೆಕ್ಕವನ್ನು ಗೋಡೆಗೆ ಅಂಟಿಸಿ, ಬಹುಮಾನವನ್ನು ಊರಿನ ಅಂಗಡಿಯವರಿಂದ ಮೌಸ್, ಕೀಬೋರ್ಡ್ ರೂಪದಲ್ಲಿ ಪಡೆಯಿರಿ. ಪ್ರೇಕ್ಷಕರ ನಡುವೆ ಬೆಟ್ಟಿಂಗ್ ಕಂಡುಬಂದರೆ ಆ ಪಂದ್ಯವನ್ನು ಅಲ್ಲಿಗೇ ನಿಲ್ಲಿಸುವುದಾಗಿ ಪ್ರವೇಶ ಚೀಟಿಯಲ್ಲೇ ಮುದ್ರಿಸಿ. ನಗದನ್ನೇ ಕೊಡಬೇಕೆಂದಿದ್ದರೆ ಭಿತ್ತಿಪತ್ರ ಅಚ್ಚಾಗುವ ಮೊದಲು ಒಬ್ಬ ವಕೀಲರಿಗೆ ನಿಯಮಾವಳಿಯನ್ನು ತೋರಿಸಿ.