ಬೊಬ್ಬೆ ಹಾಕುವ ಮಗು, ಸುಮ್ಮನಾದ ಮಗು

ಮಳೆಗಾಲ ಹಿಡಿದರೆ ಸಾಕು, ನನಗೆ ಬರುವ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ: ರಾತ್ರಿ ಮಗುವನ್ನು ಎತ್ತಿಕೊಂಡು ಕ್ಯಾಶುವಾಲ್ಟಿಗೆ ಓಡಿದೆವು, ತುಂಬ ಹೊತ್ತು ಯಾರೂ ನೋಡಲಿಲ್ಲ. ಎರಡು ಸಾಲಿನ ಉತ್ತರ ಕೊಟ್ಟು ಕೊಟ್ಟು ನನಗೂ ಸಾಕಾಗಿದೆ, ಓದುವವರಿಗೂ ಅದರಿಂದ ಪ್ರಯೋಜನ ಆದ ಹಾಗಿಲ್ಲ. ಈ ಸಲ ಒಂದು ಪತ್ರವನ್ನು ಹಿಡಿದು ಪೂರ್ತಿ ಹೇಳುತ್ತೇನೆ. ಉಳಿದವರು ಒಂದೆರಡು ಮಾತಿನಲ್ಲಿ ಸುಧಾರಿಸಿಕೊಳ್ಳಬೇಕು.

ಪ್ರಶ್ನೆ: ಡಾಕ್ಟ್ರೇ, ನಮ್ಮದು ಪಡುಬಿದ್ರಿ ಹತ್ತಿರ. ಮಗಳಿಗೆ ಎರಡೂವರೆ ವರ್ಷ. ಎರಡು ದಿನ ಶೀತ, ಕೆಮ್ಮು ಇತ್ತು. ಮೂರನೇ ದಿನ ಸಂಜೆಯಿಂದ ಉಸಿರಾಟ ಜೋರಾಯಿತು. ನಮ್ಮ ಅತ್ತೆ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಎದೆಗೆ ಹಚ್ಚಿದರು. ಪಕ್ಕದ ಮನೆಯವರ ನೆಬುಲೈಸರ್ ತಂದು ಎರಡು ಸಲ ಹಿಡಿದೆವು. ಹತ್ತೂವರೆ ಹೊತ್ತಿಗೆ ಸುಸ್ತಾಗಿ ಮಲಗಿದಳು, ಆದರೂ ಸರಿ ಕಾಣಲಿಲ್ಲ. ಕಾರಿನಲ್ಲಿ ಮಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದೆವು. ಮುಟ್ಟುವಾಗ 11.40. ಕೌಂಟರಿನಲ್ಲಿ ಫೈಲ್ ಮಾಡಿಸಿ, ಹದಿನೈದು ಸಾವಿರ ಅಡ್ವಾನ್ಸ್ ಕಟ್ಟಿ ಅಂದರು. ನನ್ನ ಕಾರ್ಡ್ ನಡೆಯಲಿಲ್ಲ, ತಮ್ಮನಿಂದ ಹಣ ಹಾಕಿಸಿದೆ. ಡ್ಯೂಟಿ ಡಾಕ್ಟ್ರು ಮಗುವನ್ನು ಮುಟ್ಟುವಾಗ 12.30. ನಮ್ಮ ನಂತರ ಬಂದವರನ್ನೂ ಮೊದಲು ನೋಡಿದರು. ನೋಡಿದ ಕೂಡಲೇ ಐಸಿಯುಗೆ ಹಾಕಿದರು, ನಾಲ್ಕು ದಿನ ಇದ್ದೆವು. ಈಗ ಹುಷಾರಾಗಿದ್ದಾಳೆ. ಆ 50 ನಿಮಿಷ ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಯಾರಿಗೆ ದೂರು ಕೊಡಬೇಕು? ಫೇಸ್‌ಬುಕ್ಕಿಗೆ ಹಾಕು ಎಂದು ಬಾವ ಹೇಳುತ್ತಾರೆ.

ಉತ್ತರ: ದೂರು ಕೊಡಿ. ಕೊಡಲೇಬೇಕು. ಎರಡೂವರೆ ವರ್ಷದ ಮಗು ಉಸಿರಿಗೆ ಒದ್ದಾಡಿ ಬಂದಾಗ ಫೈಲ್, ಅಡ್ವಾನ್ಸ್ ಎಂದು 50 ನಿಮಿಷ ಹೊರಗೆ ಕೂರಿಸಿದ್ದು ತಪ್ಪು. ಜನ ಕಮ್ಮಿ, ರಾತ್ರಿ ಪಾಳಿ, ಮೇಲಿನವರ ಆರ್ಡರ್, ಇದು ಯಾವುದೂ ನೆಪವಾಗುವುದಿಲ್ಲ. ಬಾಗಿಲಲ್ಲಿ ಒಬ್ಬ ಸಿಸ್ಟರ್ ಬೆರಳಿಗೆ ಸ್ಯಾಚುರೇಷನ್ (ರಕ್ತದಲ್ಲಿರುವ ಆಕ್ಸಿಜನ್ ಪ್ರಮಾಣ) ಅಳೆಯುವ ಕ್ಲಿಪ್ ಹಾಕಿ ನೋಡಲಿಕ್ಕೆ ಅರ್ಧ ನಿಮಿಷ ಸಾಕಿತ್ತು. 90ಕ್ಕಿಂತ ಕೆಳಗೆ ಇದ್ದರೆ ಮೊದಲು ಆಕ್ಸಿಜನ್, ಹೆಸರು ವಿಳಾಸ ಆಮೇಲೆ.

ಮಕ್ಕಳಲ್ಲಿ ಈ ನಿಮಿಷಗಳಿಗೆ ಯಾಕಿಷ್ಟು ಬೆಲೆ ಎಂದರೆ, ದೊಡ್ಡವರಲ್ಲಿ ಸಾಮಾನ್ಯವಾಗಿ ಹೃದಯ ಮೊದಲು ಕೈಕೊಡುತ್ತದೆ, ಮಕ್ಕಳಲ್ಲಿ ಹೆಚ್ಚಿನ ಸಲ ಉಸಿರು ಮೊದಲು ಸೋಲುತ್ತದೆ, ಹೃದಯ ಅದರ ಹಿಂದೆ ನಿಲ್ಲುತ್ತದೆ. ಶ್ವಾಸನಾಳ ಸಣ್ಣದು, ಸ್ವಲ್ಪ ಊದಿಕೊಂಡರೂ ದಾರಿ ಅರ್ಧ ಮುಚ್ಚಿ ಹೋಗುತ್ತದೆ. ಪಕ್ಕೆಲುಬು ಮೆತ್ತಗೆ, ಎಳೆದಷ್ಟೂ ಒಳಗೆ ಬಾಗುತ್ತದೆ. ಗಂಟೆಗಟ್ಟಲೆ ಹಾಗೆ ಎಳೆದು ಎಳೆದು ಸ್ನಾಯು ಸೋತಾಗ ಮಗು ಸುಮ್ಮನಾಗುತ್ತದೆ. ನೋಡುವವರಿಗೆ ಅದು ನಿದ್ದೆಯ ಹಾಗೆ ಕಾಣುತ್ತದೆ.

ನೀವು ಬರೆದ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದೇ: "ಹತ್ತೂವರೆ ಹೊತ್ತಿಗೆ ಸುಸ್ತಾಗಿ ಮಲಗಿದಳು." ಅವಳು ಮಲಗಿದ್ದಲ್ಲ. ಅವಳ ಶಕ್ತಿ ಮುಗಿಯುತ್ತಾ ಬಂದಿತ್ತು.

ಇದನ್ನು ನಿಮ್ಮ ಮೇಲೆ ತಪ್ಪು ಹೊರಿಸಲಿಕ್ಕೆ ಹೇಳುತ್ತಿಲ್ಲ. ನಾನೇ ಈ ತಪ್ಪು ಮಾಡಿದವನು. ಪಿಜಿ ಓದುತ್ತಿದ್ದ ಕಾಲ. ಆಷಾಢದ ಒಂದು ರಾತ್ರಿ ಕ್ಯಾಶುವಾಲ್ಟಿಯಲ್ಲಿ ಇಬ್ಬರು ಅಮ್ಮಂದಿರು ಒಟ್ಟಿಗೆ ಬಂದರು. ಒಂದು ಮಗು ಬೊಬ್ಬೆ ಹಾಕಿ ವಾರ್ಡ್ ಎಬ್ಬಿಸುತ್ತಿತ್ತು. ಇನ್ನೊಂದು, ಉಣ್ಣೆ ಟೊಪ್ಪಿ, ಸ್ವೆಟರ್, ಮೇಲೆ ಒಂದು ಬೆಡ್‌ಶೀಟ್ ಸುತ್ತಿಕೊಂಡು ಅಮ್ಮನ ಹೆಗಲ ಮೇಲೆ ತಣ್ಣಗೆ ಒರಗಿತ್ತು. ಪಾಪ ಮಲಗಿದೆ, ಇರಲಿ ಎಂದು ನಾನು ಅಳುವ ಮಗುವಿನ ಕಿವಿ ನೋಡಲು ಕೂತೆ. ಹಿರಿಯ ಸಿಸ್ಟರ್ ಒಬ್ಬರು ಹಾದುಹೋಗುವಾಗ ನಿಂತು ಆ ಬೆಡ್‌ಶೀಟ್ ಸರಿಸಿ, ಸ್ವೆಟರ್ ಎತ್ತಿದರು. ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಗುಂಡಿ ಬೀಳುತ್ತಿತ್ತು. ತುಟಿ ನೇರಳೆ ಹಣ್ಣು ತಿಂದ ಬಣ್ಣ. ಅವರು ನನ್ನನ್ನು ಕರೆಯಲೂ ಇಲ್ಲ, ಮಗುವನ್ನು ಕಿತ್ತುಕೊಂಡ ಹಾಗೆ ಎತ್ತಿಕೊಂಡು ಆಕ್ಸಿಜನ್ ಹತ್ತಿರ ಓಡಿದರು. ಆ ಮಗು ಉಳಿಯಿತು, ಅದು ಆ ಸಿಸ್ಟರ್ ಕೊಟ್ಟ ಜೀವ. ಅಂದಿನಿಂದ ನನ್ನ ಎದುರು ಬರುವ ಯಾವ ಮಗುವಿನ ಅಂಗಿಯನ್ನೂ ಎತ್ತದೆ ನಾನು ಮಾತು ಶುರು ಮಾಡುವುದಿಲ್ಲ.

ಹಾಗಾಗಿ ಮನೆಯಲ್ಲಿ ನೀವೂ ಅದನ್ನೇ ಮಾಡಿ. ಲೈಟ್ ಹಾಕಿ, ಅಂಗಿ ಪೂರ್ತಿ ಎತ್ತಿ, ಮಗು ಅಳದೆ ಇರುವಾಗ ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಹದದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಮೇಲೆ, ಎರಡು ತಿಂಗಳಿಂದ ಒಂದು ವರ್ಷದ ಒಳಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷಕ್ಕೆ 40 ಅಥವಾ ಮೇಲೆ ಇದ್ದರೆ ಅದು ಬರೀ ಶೀತ ಅಲ್ಲ, ಡಾಕ್ಟ್ರಿಗೆ ತೋರಿಸಬೇಕು. ಪಕ್ಕೆ ಒಳಗೆ ಎಳೆಯುವುದು, ಮೂಗಿನ ಹೊಳ್ಳೆ ಅರಳುವುದು, ಉಸಿರು ಬಿಡುವಾಗ ನರಳುವುದು, ಹಾಲು ನೀರು ಕುಡಿಯಲಾಗದೆ ಇರುವುದು, ಕರೆದರೆ ಸರಿಯಾಗಿ ಕಣ್ಣು ಬಿಡದೆ ಇರುವುದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕೂರುವ ಹಾಗಿಲ್ಲ. ಹೊರಡಿ.

ಇನ್ನು ಕರ್ಪೂರ. ಈ ಜಿಲ್ಲೆಗಳ ಅಜ್ಜಿಯಂದಿರ ಮೇಲೆ ನನಗೆ ಗೌರವ ಉಂಟು, ಕರ್ಪೂರದ ಎಣ್ಣೆಯ ಮೇಲೆ ಖಂಡಿತ ಇಲ್ಲ. ಸಣ್ಣ ಮಕ್ಕಳ ಚರ್ಮದ ಮೂಲಕವೂ ಕರ್ಪೂರ ಒಳಗೆ ಹೋಗುತ್ತದೆ. ಬಾಯಿಗೆ ಹೋದರೆ ಪಿಟ್ಸ್ ಬರಬಹುದು. ಉಸಿರಾಟಕ್ಕೆ ಅದರಿಂದ ಕಿಂಚಿತ್ತೂ ಉಪಕಾರ ಇಲ್ಲ, ವಾಸನೆ ಬಂದ ಕಾರಣ ಏನೋ ಮಾಡಿದ ಸಮಾಧಾನ ಅಷ್ಟೆ. ಪಕ್ಕದ ಮನೆಯ ನೆಬುಲೈಸರ್ ಅದಕ್ಕಿಂತ ಅಪಾಯ. ಅವರ ಮಗುವಿನ ಉಬ್ಬಸಕ್ಕೆ ಬರೆದ ಮದ್ದು ನಿಮ್ಮ ಮಗುವಿಗೆ ನ್ಯುಮೋನಿಯಾ ಆಗಿದ್ದರೆ ಅದಕ್ಕೆ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಗಂಭೀರ ಮಗುವಿಗೆ ಆಕ್ಸಿಜನ್ ಜೊತೆಗೆ ಕೊಡುತ್ತೇವೆ, ಮನೆಯ ಯಂತ್ರ ಬರೀ ಗಾಳಿ ಊದುತ್ತದೆ. ಎರಡು ಸಲ ಹಿಡಿದಿರಿ, ನೋಡೋಣ ಎಂದು ಕಾದಿರಿ. ಸಂಜೆಯಿಂದ ಹತ್ತೂವರೆವರೆಗೆ ಎಷ್ಟು ಗಂಟೆ ಆಯಿತು ಎಂದು ನೀವೇ ಲೆಕ್ಕ ಹಾಕಿ. ಕೌಂಟರಿನ 50 ನಿಮಿಷದ ಸಿಟ್ಟಿನಲ್ಲಿ ಈ ಗಂಟೆಗಳನ್ನು ಮರೆಯಬೇಡಿ. ಮನೆಯಲ್ಲಿ ಇನ್ನೊಂದು ಮಗು ಹುಟ್ಟಬಹುದು, ಅದಕ್ಕೂ ಮಳೆಗಾಲ ಬರುತ್ತದೆ.

ಮತ್ತೊಂದು ಮಾತು, ದಾರಿಯದ್ದು. ಪಡುಬಿದ್ರಿಯಿಂದ ಮಂಗಳೂರಿಗೆ ಬರುವಾಗ ಮೂಲ್ಕಿ, ಸುರತ್ಕಲ್ ಎರಡನ್ನೂ ದಾಟಿ ಬಂದಿದ್ದೀರಿ. ಎರಡೂ ಕಡೆ ಆಸ್ಪತ್ರೆ ಉಂಟು. ಉಸಿರಿಗೆ ಒದ್ದಾಡುವ ಮಗುವಿಗೆ ಊರಿನ ಅತಿ ದೊಡ್ಡ ಆಸ್ಪತ್ರೆಗಿಂತ ಮೊದಲು ಬೇಕಾದ್ದು ಅತಿ ಹತ್ತಿರದ ಆಕ್ಸಿಜನ್. ಅಲ್ಲಿ ಮಾಸ್ಕ್ ಹಾಕಿಸಿ, ಅವರಿಂದಲೇ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿ, ಆಕ್ಸಿಜನ್ ಇರುವ ಆಂಬುಲೆನ್ಸಿನಲ್ಲಿ ಮುಂದೆ ಹೋಗಬೇಕು. 108ರಲ್ಲಿ ಆಕ್ಸಿಜನ್ ಇರುತ್ತದೆ. ಸ್ವಂತ ಕಾರಿನಲ್ಲಿ ಏನೂ ಇಲ್ಲ, ಗುಂಡಿ ಬಿದ್ದ ಹೆದ್ದಾರಿಯಲ್ಲಿ ಮಗು ನಿಮ್ಮ ಮಡಿಲಲ್ಲೇ ಸೋತರೆ ನೀವು ಹಾರ್ನ್ ಮಾಡಬಹುದು, ಅಷ್ಟೆ. ಸರಕಾರಿ ಆಸ್ಪತ್ರೆ ಎಂದರೆ ಮೂಗು ಮುರಿಯುವವರು ಬಹಳ. ಮಂಗಳೂರಿನ ಸರಕಾರಿ ಆಸ್ಪತ್ರೆ ವೆನ್ಲಾಕಿನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಉಂಟು, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಉಂಟು, ಅಲ್ಲಿ ಅಡ್ವಾನ್ಸ್ ಕೇಳುವ ಕೌಂಟರ್ ಇಲ್ಲ.

ಆಸ್ಪತ್ರೆ ಬಾಗಿಲಲ್ಲಿ ಅಪ್ಪ ಅಮ್ಮ ಇಬ್ಬರೂ ಮಗುವನ್ನು ಹಿಡಿದು ಕೌಂಟರಿನ ಸಾಲಿನಲ್ಲಿ ನಿಲ್ಲುವುದನ್ನು ನಾನು ದಿನಾ ನೋಡುತ್ತೇನೆ. ಒಬ್ಬರು ಕೌಂಟರಿಗೆ ಹೋಗಿ. ಇನ್ನೊಬ್ಬರು ಮಗುವನ್ನು ಎತ್ತಿಕೊಂಡು ಸೀದಾ ಒಳಗೆ ಹೋಗಿ, ಮಂಚದ ಮೇಲೆ ಮಲಗಿಸಿ, ಅಂಗಿ ಎತ್ತಿ ತೋರಿಸಿ. "ಮೂರು ದಿನದಿಂದ ಜ್ವರ ಶೀತ" ಎಂದು ಕಥೆ ಶುರು ಮಾಡಬೇಡಿ, ಜ್ವರ ಎಂದ ಕೂಡಲೇ ನಿಮ್ಮನ್ನು ಕಾಯುವವರ ಬೆಂಚಿಗೆ ಕಳಿಸುತ್ತಾರೆ. "ಉಸಿರಾಡಲು ಆಗುತ್ತಿಲ್ಲ, ಸ್ಯಾಚುರೇಷನ್ ನೋಡಿ" ಎಂದು ಹೇಳಿ. ಯಾರೂ ಏಳದಿದ್ದರೆ ಸ್ವರ ಏರಿಸಿ, ಕೈ ಮಾತ್ರ ಎತ್ತಬೇಡಿ. ವೈದ್ಯರು, ಸಿಸ್ಟರುಗಳ ಮೇಲೆ ಹಲ್ಲೆ ಮಾಡಿದರೆ ರಾಜ್ಯದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆ ಉಂಟು, ಜಾಮೀನು ಸಿಗದ ಅಪರಾಧ ಅದು. ಅಪ್ಪ ಠಾಣೆಯಲ್ಲಿದ್ದರೆ ಮಗುವಿನ ಹತ್ತಿರ ಯಾರು?

ಈಗ ದೂರಿನ ವಿಷಯ. ತುರ್ತು ಸ್ಥಿತಿಯಲ್ಲಿ ಜೀವ ಉಳಿಸುವುದು ಸರಕಾರಿ ಖಾಸಗಿ ಎನ್ನದೆ ಎಲ್ಲ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರೂ ಕೆಪಿಎಂಇ ಎನ್ನುವುದು, 2017ರಲ್ಲಿ ತಿದ್ದುಪಡಿಯಾಯಿತು. ತುರ್ತು ಚಿಕಿತ್ಸೆಗೆ ಮುಂಗಡ ಹಣ ಕೊಡಲೇಬೇಕೆಂದು ಪಟ್ಟು ಹಿಡಿಯುವಂತಿಲ್ಲ. ಅದರಡಿ ಪ್ರತಿ ಜಿಲ್ಲೆಗೂ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಉಂಟು, ಅಧ್ಯಕ್ಷರು ಜಿಲ್ಲಾಧಿಕಾರಿ. ನೀವು ಉಡುಪಿ ಜಿಲ್ಲೆಯವರು, ಆಸ್ಪತ್ರೆ ದಕ್ಷಿಣ ಕನ್ನಡದ್ದು. ಅರ್ಜಿ ಮಂಗಳೂರಿಗೇ ಹೋಗಬೇಕು, ಮಣಿಪಾಲದ ರಜತಾದ್ರಿಗೆ, ಅಂದರೆ ಉಡುಪಿ ಜಿಲ್ಲಾಧಿಕಾರಿ ಕಚೇರಿಗೆ, ಕೊಟ್ಟು ತಿಂಗಳು ಕಳೆಯಬೇಡಿ. ವೈದ್ಯರ ವೈಯಕ್ತಿಕ ನಡತೆಯ ಬಗ್ಗೆ ಆದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಪರಿಹಾರ ಬೇಕೆಂದಿದ್ದರೆ ಗ್ರಾಹಕರ ಆಯೋಗ, ಅದಕ್ಕೆ ಎರಡು ವರ್ಷದ ಗಡುವು.

ಅದಕ್ಕೆಲ್ಲ ಮೊದಲು ಗಂಟೆ ನಿಮಿಷ ಗಟ್ಟಿ ಮಾಡಿಕೊಳ್ಳಿ. ಬರೀ ನೆನಪಿನ ಮೇಲೆ ಬರೆದ ದೂರು ವಿಚಾರಣೆಯಲ್ಲಿ ನಿಲ್ಲುವುದಿಲ್ಲ, ಸಿಟ್ಟಿನ ಮೇಲೆ ಬರೆದದ್ದಂತೂ ಇಲ್ಲವೇ ಇಲ್ಲ. ಹೆಜಮಾಡಿ ಟೋಲ್ ದಾಟಿದಾಗ ಫಾಸ್ಟ್ಯಾಗ್ ಮೆಸೇಜ್ ಬಂದಿರುತ್ತದೆ, ಅದರಲ್ಲಿ ಹೊತ್ತು ಉಂಟು. ತಮ್ಮ ಹಣ ಹಾಕಿದ ಹೊತ್ತು ಬ್ಯಾಂಕಿನ ಮೆಸೇಜಿನಲ್ಲಿ ಉಂಟು. ನೋಂದಣಿ ಚೀಟಿ ಮತ್ತು ಅಡ್ವಾನ್ಸ್ ರಸೀದಿಯ ಮೂಲೆಯಲ್ಲೂ ಸಣ್ಣ ಅಕ್ಷರದಲ್ಲಿ ಇರಬೇಕು, ಹುಡುಕಿ ನೋಡಿ. ಎಲ್ಲಕ್ಕಿಂತ ಮುಖ್ಯ, ಸಿಸ್ಟರ್ ಮೊದಲ ಸಲ ಸ್ಯಾಚುರೇಷನ್ ಬರೆದ ಹಾಳೆ. ಮೊದಲ ಆಕ್ಸಿಜನ್ ಎಷ್ಟು ಗಂಟೆಗೆ ಎಂಬುದು ಅದರಲ್ಲಿ ಇರುತ್ತದೆ. ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂಬುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ಒಂದು ಸಾಲನ್ನು ಮಾತ್ರ ದೂರಿನಿಂದ ತೆಗೆದುಬಿಡಿ: "ನಮ್ಮ ನಂತರ ಬಂದವರನ್ನು ಮೊದಲು ನೋಡಿದರು." ಕ್ಯಾಶುವಾಲ್ಟಿ ಪಡಿತರ ಅಂಗಡಿ ಅಲ್ಲ, ಮೊದಲು ಬಂದವರಿಗೆ ಮೊದಲು ಎಂಬ ಲೆಕ್ಕ ಅಲ್ಲಿಲ್ಲ. ಎದೆನೋವಿನ ಮುದುಕರು ನಿಮ್ಮ ನಂತರ ಬಂದರೂ ಒಳಗೆ ಹೋಗಬೇಕಾದವರೇ. ಆ ಸಾಲು ಇದ್ದರೆ ಆಸ್ಪತ್ರೆಯವರು ಅದೊಂದಕ್ಕೆ ಉತ್ತರ ಕೊಟ್ಟು ಜಾರಿಕೊಳ್ಳುತ್ತಾರೆ. ನಿಮ್ಮ ದೂರು ಇಷ್ಟೇ ಇರಲಿ: 11.40ರಿಂದ 12.30ರವರೆಗೆ ನನ್ನ ಮಗುವಿನ ಉಸಿರನ್ನು ಯಾರೂ ನೋಡಲಿಲ್ಲ, ನನ್ನಿಂದ ಹಣ ಕೇಳಿದರು. ಇದಕ್ಕೆ ಅವರ ಹತ್ತಿರ ಉತ್ತರ ಇರುವುದಿಲ್ಲ.

ಫೇಸ್‌ಬುಕ್ ಬೇಡ. ಬಾವನಿಗೆ ನೂರು ಲೈಕ್ ಸಿಗಬಹುದು. ಮರುದಿನ ಆಸ್ಪತ್ರೆಯ ಪರವಾಗಿ ವಕೀಲರ ನೋಟಿಸ್ ಬಂದರೆ ದೂರು ಕೊಟ್ಟವರು ಹೋಗಿ ನೀವೇ ಆರೋಪಿಯಾಗುತ್ತೀರಿ. ಆ ರಾತ್ರಿ ಡ್ಯೂಟಿಯಲ್ಲಿದ್ದದ್ದು ಬಹುಶಃ ಈಗಷ್ಟೇ ಎಂಬಿಬಿಎಸ್ ಮುಗಿಸಿದ ಹುಡುಗ ಅಥವಾ ಹುಡುಗಿ. ಅಡ್ವಾನ್ಸ್ ನಿಯಮ ಮಾಡಿದವರು ಅವರಲ್ಲ, ಜನ ಬೈಯುವುದು ಅವರನ್ನು.

ಇನ್ನು ಉಳಿದ ಪತ್ರಗಳು. ಪಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡಬೇಕೇ, ಈರುಳ್ಳಿ ಮೂಸಿಸಬೇಕೇ? ಎರಡೂ ಬೇಡ, ಬಾಯಿಗೆ ಚಮಚ, ನೀರು ಕೂಡ ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, ಐದು ನಿಮಿಷಕ್ಕೆ ನಿಲ್ಲದಿದ್ದರೆ ಆಸ್ಪತ್ರೆ. ಮೊದಲ ಸಲ ಬಂದದ್ದಾದರೆ ನಿಂತರೂ ಆಸ್ಪತ್ರೆ.

ಬಾಲಗ್ರಹಕ್ಕೆ ನೂಲು ಮಂತ್ರಿಸಿ ಕೊಡುವವರೊಬ್ಬರು ಡಾಕ್ಟ್ರ ಮದ್ದು ನಿಲ್ಲಿಸಲು ಹೇಳಿದ್ದಾರೆ. ನೂಲು ನಿಮ್ಮ ನಂಬಿಕೆ, ಕುತ್ತಿಗೆಗೆ ಮಾತ್ರ ಕಟ್ಟಬೇಡಿ. ಮದ್ದು ನಿಲ್ಲಿಸಲು ಹೇಳಿದವನ ಅಂಗಳಕ್ಕೆ ಇನ್ನೊಮ್ಮೆ ಕಾಲಿಡಬೇಡಿ.

ಒಆರ್‌ಎಸ್ ಪುಡಿಯನ್ನು ಒಂದೊಂದು ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕಬಹುದೇ? ಪ್ಯಾಕೆಟ್ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಒಂದು ಲೀಟರಿಗೆ ಒಮ್ಮೆಗೇ ಕಲಸಿ. ಅಂಗಡಿಯ ಸಿಹಿ ಜ್ಯೂಸ್ ಪ್ಯಾಕೆಟ್ ಒಆರ್‌ಎಸ್ ಅಲ್ಲ.

ಡೆಂಗಿ ಮಗುವಿಗೆ ಜ್ವರ ಬಿಟ್ಟಿದೆ, ಶಾಲೆಗೆ ಕಳಿಸಲೇ? ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯ. ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗಾದರೆ ಕೂಡಲೇ ಆಸ್ಪತ್ರೆಗೆ.

ರಾತ್ರಿ ಮಗುವಿನ ಉಸಿರಾಟದ ವಿಡಿಯೋ ವಾಟ್ಸಾಪಿಗೆ ಕಳಿಸಿದರೆ ನೋಡಿ ಹೇಳುತ್ತೀರಾ? ಇಲ್ಲ. ನಾನು ನಿದ್ದೆಯಲ್ಲಿದ್ದರೆ ನೀವು ಎರಡು ನೀಲಿ ಗೆರೆಗಾಗಿ ಕಾಯುತ್ತಾ ಕೂರುತ್ತೀರಿ. ವಿಡಿಯೋ ತೆಗೆಯಿರಿ, ಫೋನ್ ಜೇಬಿಗೆ ಹಾಕಿ, ಮಗುವನ್ನು ಎತ್ತಿಕೊಂಡು ಹೊರಡಿ. ಡ್ಯೂಟಿ ಡಾಕ್ಟ್ರಿಗೆ ಅಲ್ಲೇ ತೋರಿಸಿ.