ಹಳೇ ಕನ್ವರ್ಟಿಬಲ್ ಕಾರು ತೊಳೆಯೋದು, ಡೀಟೇಲಿಂಗ್ ಮಾಡೋದು ಕಲಿಯೋಕೆ ಬೆಂಗಳೂರಲ್ಲಿ ಎಲ್ಲಿಂದ ಶುರು ಮಾಡ್ಬೇಕು?

ನೀವು ಎರಡು ವರ್ಷದಿಂದ ವಾಟರ್ ಸರ್ವಿಸ್ ಅಂಗಡೀಲಿ ಕೆಲಸ ಮಾಡ್ತಿದೀನಿ, ಈಗ ಹಳೇ ಓಪನ್ ಕಾರುಗಳ ಕೆಲಸ ಕಲೀಬೇಕು, ಮೂರು ದಿನದ ಕೋರ್ಸಿಗೆ ದುಡ್ಡು ಕಟ್ಟಬಹುದಾ ಅಂತ ಕೇಳಿದೀರ. ಕಟ್ಟಿ, ಆದ್ರೆ ಕಟ್ಟೋಕೆ ಮೊದ್ಲು ಅವ್ರನ್ನ ಕೇಳಿ, ನನ್ನ ಕೈಗೆ ಯಾವ ಕಾರು ಕೊಡ್ತೀರಿ ಅಂತ. ಹೊಸ ಕಾರಿನ ಬಾನೆಟ್ ಮೇಲೆ ಕೋಟಿಂಗ್ ಹಚ್ಚಿಸಿ ಸರ್ಟಿಫಿಕೇಟ್ ಕೊಡೋ ಕಡೆ ಹೊಸ ಕಾರಿನ ಕೆಲಸ ಬರತ್ತೆ, ಅದೇನೂ ದಂಡ ಅಲ್ಲ, ಆದ್ರೆ ಬಟ್ಟೆ ಹುಡ್, ಅಂದ್ರೆ ಮಡಚೋ ಮೇಲ್ಛಾವಣಿ, ಇರೋ ಹಳೇ ಗಾಡಿ ಲೆಕ್ಕಾನೇ ಬೇರೆ.

ನಾನು ಕಲಿತಿದ್ದು ವಿಲ್ಸನ್ ಗಾರ್ಡನ್ ಕಡೆ ಒಬ್ಬ ಮೇಸ್ತ್ರಿ ಹತ್ರ. ಮೊದಲ ತಿಂಗಳು ಪಾಲಿಶಿಂಗ್ ಮೆಷಿನ್ ಮುಟ್ಟೋಕೇ ಬಿಡ್ಲಿಲ್ಲ. ಗಾಜಿನ ಮೇಲೆ ಒಂದು ಚೊಂಬು ನೀರು ಹುಯ್ದು, "ಇದು ಎಲ್ಲಿ ಹೋಗಿ ಎಲ್ಲಿ ಆಚೆ ಬರತ್ತೆ, ನೋಡ್ಕೊಂಡು ಬಂದು ಹೇಳು" ಅನ್ನೋರು. ನಾನು ನೆಲದ ಮೇಲೆ ಮಲ್ಕೊಂಡು ಟಾರ್ಚ್ ಹಿಡ್ಕೊಂಡು ಹುಡುಕ್ತಿದ್ದೆ. ಗಾಜಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಸಂದೀಲಿ ಇಳಿದ ನೀರು ಬಾಗಿಲ ಒಳಗೆ ಹೋಗಿ ತಳದಲ್ಲಿರೋ ಸಣ್ಣ ತೂತಲ್ಲಿ ಆಚೆ ಬರಬೇಕು, ಆ ತೂತು ಗುಲ್‌ಮೊಹರ್ ಎಲೆ, ಧೂಳು ಸೇರ್ಕೊಂಡು ಮುಚ್ಚಿರತ್ತೆ, ನೀರು ಅಲ್ಲೇ ನಿಂತು ಬಾಗಿಲ ತಳ ಒಳಗಿಂದ ತುಕ್ಕು ಹಿಡಿಯತ್ತೆ, ಹೊರಗೆ ಪೇಂಟ್ ಉಬ್ಬೋ ಹೊತ್ತಿಗೆ ತಗಡು ಹೋಗಿರತ್ತೆ. ಅದಕ್ಕೇ ನಾನು ಇವತ್ತಿಗೂ ಶಾಂಪೂ ಕೈಗೆ ತಗೊಳ್ಳೋ ಮೊದ್ಲು ಮೆತ್ತನೆ ನೈಲಾನ್ ದಾರ ಹಾಕಿ ತೂತು ಬಿಡಿಸ್ತೀನಿ.

ನೀವು ನಿಜವಾಗ್ಲೂ ಕಲೀಬೇಕಾಗಿರೋದು ಹುಡ್. ಪ್ರೆಶರ್ ಗನ್ ಅದರ ಹತ್ರ ತರಬೇಡಿ, ಹೊಲಿಗೆ ಬಿಚ್ಕೊಳತ್ತೆ, ನೀರು ಬಟ್ಟೆ ಪದರದೊಳಗೆ ಹೋಗತ್ತೆ. ಮೊದ್ಲು ಒಣಗಿದ್ದಾಗಲೇ ಮೆತ್ತನೆ ಬ್ರಷ್ಷಲ್ಲಿ ಧೂಳು ತೆಗೀಬೇಕು, ಆಮೇಲೆ ಪಿಎಚ್ ನ್ಯೂಟ್ರಲ್, ಅಂದ್ರೆ ಆಮ್ಲವೂ ಅಲ್ಲ ಕ್ಷಾರವೂ ಅಲ್ಲದ ಶಾಂಪೂ ನೊರೇಲಿ ನೇಯ್ಗೆ ಹೋಗಿರೋ ದಿಕ್ಕಲ್ಲೇ ಉಜ್ಜಬೇಕು, ಸುತ್ತು ಸುತ್ತು ಉಜ್ಜಿದ್ರೆ ಬಟ್ಟೆ ಜುಂಗು ಏಳತ್ತೆ. ಸೋಪು ಪೂರ್ತಿ ಹೋಗ್ಬೇಕು, ಉಳಿದ್ರೆ ಧೂಳು ಅಲ್ಲೇ ಅಂಟತ್ತೆ, ಆಮೇಲೆ ನೀರು ಇಂಗದ ಹಾಗೆ ಹಚ್ಚೋ ವಾಟರ್ ರಿಪೆಲ್ಲೆಂಟೂ ಹಿಡಿಯಲ್ಲ. ರೆಕ್ಸಿನ್ ಥರ ಇರೋ ವಿನೈಲ್ ಹುಡ್ ಆದ್ರೆ ಇಷ್ಟು ಕಷ್ಟ ಇಲ್ಲ, ಒದ್ದೆ ಬಟ್ಟೇಲಿ ಒರೆಸಿದ್ರೆ ಆಯ್ತು. ಹಿಂದಿನ ಪ್ಲಾಸ್ಟಿಕ್ ಕಿಟಕಿನ ಒಣಬಟ್ಟೇಲಿ ಒಂದ್ಸಲ ಉಜ್ಜಿದ್ರೂ ಗೆರೆ ಬೀಳತ್ತೆ, ಅಮೋನಿಯಾ ಇರೋ ಗಾಜಿನ ಕ್ಲೀನರ್ ಅಂತೂ ಮುಟ್ಟಿಸಲೇಬೇಡಿ, ಡಿಸೆಂಬರ್ ಬೆಳಿಗ್ಗೆ ಚಳೀಲಿ ಬಿರುಸಾಗಿರೋವಾಗ ಮಡಚಬೇಡಿ.

ಒದ್ದೆ ಹುಡ್ಡನ್ನ ಮಡಚಬಾರದು ಅನ್ನೋದನ್ನ ನಾನು ಮಾರಿಸ್ ಮೈನರ್ ಅನ್ನೋ ಒಂದು ಹಳೇ ಬ್ರಿಟಿಷ್ ಕಾರಿನ ಮೇಲೆ ಕಲಿತೆ. ಮೇಲೆ ಮುಟ್ಟಿದ್ರೆ ಒಣಗಿತ್ತು, ಸಂಜೆ ಓನರ್ ಬಂದ್ರು, ಮಡಚಿ ಕೊಟ್ಟು ಕಳಿಸ್ದೆ. ಹತ್ತು ದಿನ ಆದ್ಮೇಲೆ ಅವ್ರು ತೆಗೆದ್ರೆ ಮಡಿಕೆ ಉದ್ದಕ್ಕೂ ಕಪ್ಪು ಬೂಷ್ಟು, ಒಳಗಿನ ಲೈನಿಂಗ್ ತನಕ ಹೋಗಿತ್ತು. ಅವರ ತಂದೆ ಓಡಿಸ್ತಿದ್ದ ಗಾಡಿ ಅದು. ಬೈಲಿಲ್ಲ ಅವ್ರು, ಸುಮ್ಮನೆ ನಿಂತ್ಕೊಂಡು ನೋಡಿದ್ರು, ನಂಗೆ ಆ ರಾತ್ರಿ ಊಟ ಸೇರ್ಲಿಲ್ಲ. ಅವತ್ತಿಂದ ಹುಡ್ ತೊಳೆದ ಗಾಡಿನ ಆ ದಿನ ವಾಪಸ್ ಕೊಡಲ್ಲ, ಹುಡ್ ಎತ್ತಿ ನೆರಳಲ್ಲಿ ಗಾಳಿಗೆ ನಿಲ್ಲಿಸಿ ಮಾರನೇ ದಿನವೇ ಕೊಡೋದು, ಕಾರ್ಪೆಟ್ ಎತ್ತಿ ಕೆಳಗಿನ ಫೆಲ್ಟ್ ಬಟ್ಟೇಲಿ ನೀರು ಉಳಿದಿದ್ಯಾ ಅಂತ ಹಿಂಡಿ ನೋಡೇ ನೋಡ್ತೀನಿ.

ಪೇಂಟ್ ವಿಷಯಕ್ಕೆ ಬಂದ್ರೆ, ಹಳೇ ಗಾಡೀಲಿ ಬಹಳಷ್ಟಕ್ಕೆ ಕ್ಲಿಯರ್ ಕೋಟ್, ಅಂದ್ರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಇರಲ್ಲ, ಬಣ್ಣನೇ ಮೇಲಿರತ್ತೆ. ಪಾಲಿಶ್ ಮಾಡೋವಾಗ ಪ್ಯಾಡಿಗೆ ಕಾರಿನ ಬಣ್ಣ ಬಂದ್ರೆ ಅದು ಇಂಥ ಪೇಂಟೇ, ಸಿಂಗಲ್ ಸ್ಟೇಜ್ ಅಂತ ತಿಳ್ಕೊಳಿ, ಪ್ರತಿ ಸಲ ಉಜ್ಜಿದಾಗ್ಲೂ ಬಣ್ಣ ತೆಳ್ಳಗಾಗ್ತಾ ಇದೆ. ಹಳೇ ಕಾಲದ ಡ್ಯೂಕೋ (ನೈಟ್ರೋಸೆಲ್ಯುಲೋಸ್) ಪೇಂಟ್ ಆದ್ರೆ ಥಿನ್ನರ್ ತಾಗಿದ್ರೆ ಕರಗತ್ತೆ, ಡಾಂಬರ್ ಕಲೆ ತೆಗೆಯೋಕೆ ಏನು ಹಚ್ಚೋದಾದ್ರೂ ಕಣ್ಣಿಗೆ ಬೀಳದ ಜಾಗದಲ್ಲಿ ಮೊದ್ಲು ನೋಡಿ. ಪೇಂಟ್ ದಪ್ಪ ಅಳೆಯೋ ಒಂದು ಥಿಕ್‌ನೆಸ್ ಗೇಜ್ ತಗೊಳಿ. ಹೊಸ ಕಾರಲ್ಲಿ ಸುಮಾರು 100 ರಿಂದ 150 ಮೈಕ್ರಾನ್ ತೋರಿಸತ್ತೆ, ಹಳೇ ಗಾಡೀಲಿ ಎಲ್ಲಾದ್ರೂ 1000 ದಾಟಿದ್ರೆ ಅಲ್ಲಿ ಟಿಂಕರಿಂಗ್ ಆಗಿದೆ, ಒಳಗೆ ಪುಟ್ಟಿ ಇದೆ, ಒತ್ತಬೇಡಿ. ಗುಜರಿ ಅಂಗಡೀಲಿ ಒಂದು ಹಳೇ ಪದ್ಮಿನಿ ಬಾನೆಟ್ ಸಿಕ್ಕಿದ್ರೆ ತಂದಿಟ್ಕೊಂಡು, ಅಂಚಲ್ಲಿ ಪೇಂಟ್ ಎಷ್ಟು ಬೇಗ ಸುಟ್ಟು ಹೋಗತ್ತೆ ಅಂತ ರೋಟರಿ ಮೆಷಿನ್ನಲ್ಲಿ ಬೇಕಂತಲೇ ಸುಟ್ಟು ನೋಡಿ, ಆಮೇಲೆ ಗಿರಾಕಿ ಗಾಡಿಗೆ, ತಿರುಗೋದರ ಜೊತೆ ಅಲುಗಾಡೋ, ಅಷ್ಟು ಬೇಗ ಸುಡದ ಡ್ಯುಯಲ್ ಆಕ್ಷನ್ ಮೆಷಿನ್ ಹಿಡೀರಿ.

ನೀರಿನ ಬಗ್ಗೆ ನಿಮ್ಗೆ ಗೊತ್ತೇ ಇರತ್ತೆ, 2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5,000 ರೂಪಾಯಿ ದಂಡ ಅಂತ ಮಾಡ್ತು. ಬೋರ್ ನೀರು ಬಿಸಿಲಲ್ಲಿ ಒಣಗಿದ್ರೆ ಸುಣ್ಣದ ಬಿಳಿ ಚುಕ್ಕೆ ಬೀಳತ್ತೆ, ಕ್ರೋಮ್ ಮೇಲೆ ಅದನ್ನ ಬಿಡಿಸೋ ಕಷ್ಟ ಮಾಡಿದೋರಿಗೇ ಗೊತ್ತು. ಸೋಪು ನೀರಿಗೊಂದು, ಬಟ್ಟೆ ಜಾಲಿಸೋಕೊಂದು ಅಂತ ಎರಡು ಬಕೆಟ್ ಇಟ್ಕೊಂಡು ನೆರಳಲ್ಲಿ ಒಂದೊಂದೇ ಪ್ಯಾನೆಲ್ ತೊಳೆದು ಆಗಲೇ ಒರೆಸೋ ಅಭ್ಯಾಸ ಮಾಡಿ. ಬಾನೆಟ್ ಕೆಳಗೆ ಪೈಪ್ ಬಿಡಬೇಡಿ, ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಒಳಗೆ ನೀರು ಹೋದ್ರೆ ಗಾಡಿ ಸ್ಟಾರ್ಟೇ ಆಗಲ್ಲ, ಬ್ರಷ್ಷು ಬಟ್ಟೆ ಸಾಕು.

ಇನ್ನು ಕೋರ್ಸ್ ಮುಗಿದ ಮೇಲೆ ಜೆ.ಸಿ. ರೋಡಲ್ಲಿ ಸೀಟು, ಹುಡ್ ಹೊಲಿಯೋರ ಹತ್ರ ಹದಿನೈದು ದಿನ ಕೂತ್ಕೊಳಿ, ಸಂಬಳ ಕೇಳಬೇಡಿ. ಹುಡ್ ಮೊದ್ಲು ಎಲ್ಲಿ ಸವೆಯತ್ತೆ, ಯಾವ ಹೊಲಿಗೇಲಿ ಸೋರತ್ತೆ ಅನ್ನೋದು ಅವ್ರಿಗೆ ಗೊತ್ತಿರೋಷ್ಟು ಯಾವ ಟ್ರೈನರ್‌ಗೂ ಗೊತ್ತಿರಲ್ಲ. ರಜಾ ಸಿಕ್ಕಿದ್ರೆ ಶ್ರೀರಂಗಪಟ್ಟಣದ ಹತ್ರ ಪಯಣ ಮ್ಯೂಸಿಯಂಗೆ, ಇಲ್ಲಾ ಧರ್ಮಸ್ಥಳದ ಮಂಜೂಷಾಕ್ಕೆ ಹೋಗಿ ಹಳೇ ಗಾಡಿಗಳನ್ನ ನಿಧಾನಕ್ಕೆ ಸುತ್ತ ಓಡಾಡಿ ನೋಡ್ಕೊಂಡು ಬನ್ನಿ.

ಆಯುಧಪೂಜೆ ಒಳಗೆ ಕೈ ಕುದುರಿದ್ರೆ ಒಳ್ಳೇದು, ಆಗ ಗಾಡಿಗಳು ತುಂಬಾ ಬರತ್ವೆ. ಹುಡ್ ಮೇಲೆ ಅರಿಶಿನ ಬಿದ್ದಿದ್ರೆ ಸೋಪಿನ ಪುಡಿ ಹಾಕಬೇಡಿ, ಸೋಪಿನ ಕ್ಷಾರ ತಾಗಿದ ತಕ್ಷಣ ಅರಿಶಿನ ಕೆಂಪಾಗತ್ತೆ, ಮನೇಲಿ ಬಟ್ಟೆ ಒಗೆಯೋವಾಗ ನೋಡಿರ್ತೀರಲ್ಲ, ಅದೇ. ಒಣಗಿದ ಪುಡಿ ಬ್ರಷ್ಷಲ್ಲಿ ಕೊಡವಿ, ನ್ಯೂಟ್ರಲ್ ಶಾಂಪೂಲಿ ತೊಳೆದು ಎರಡು ದಿನ ಬೆಳಗಿನ ಬಿಸಿಲಿಗೆ ಬಿಡಿ, ಅರಿಶಿನದ ಬಣ್ಣ ಬಿಸಿಲಿಗೇ ಮಾಸತ್ತೆ. ಮೊದಲ ಹುಡ್ ತೊಳೆದಾಗ ಏನಾದ್ರೂ ಅನುಮಾನ ಬಂದ್ರೆ ಇಲ್ಲೇ ಕೇಳಿ, ಬಟ್ಟೆ ಹುಡ್ಡಾ ವಿನೈಲಾ ಅಂತ ಮಾತ್ರ ಮರೀದೆ ಬರೀರಿ.