ನಮ್ಮ ಹೆಡ್ ಮಾಸ್ಟರ್ ಮೇ 31ಕ್ಕೆ ರಿಟೈರ್ ಆಗುತ್ತಿದ್ದಾರೆ. ಹಳೆ ವಿದ್ಯಾರ್ಥಿಗಳ ಶುಭಾಶಯದ ಪುಸ್ತಕಕ್ಕೆ ಮನ ಮುಟ್ಟುವ ಸಾಲುಗಳು ಬೇಕು, ಏನು ಬರೆಯಬಹುದು?

ಸಾಲು ಹುಡುಕಬೇಡಿ. ನಾವು ಹುಡುಕಿದ್ದೆವು, ಸಿಕ್ಕವು ಕೂಡ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ನಮ್ಮದೂ ಸರ್ಕಾರಿ ಪ್ರೌಢಶಾಲೆ. ನಮ್ಮ ಸಾರ್ ಮೊದಲು ಗಣಿತದ ಮೇಷ್ಟ್ರಾಗಿ ಬಂದವರು. ವರ್ಗವಾಗಿ ಬೇರೆ ಕಡೆ ಹೋಗಿ, ಬಡ್ತಿ ಸಿಕ್ಕಿ, ಹೆಡ್ ಮಾಸ್ಟರ್ ಆಗಿ ಮತ್ತೆ ಅಲ್ಲಿಗೇ ಬಂದರು. ಅವರದ್ದೂ ಮೇ 31. ಆ ತಲೆಮಾರಿನ ಎಷ್ಟೋ ಜನರದ್ದು ಅದೇ ತಾರೀಕು. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಸರಿಯಾಗಿ ಗೊತ್ತಿಲ್ಲದಿದ್ದರೆ ಜೂನ್ 1 ಅಂತ ಬರೆಸಿಬಿಡುತ್ತಿದ್ದರಲ್ವಾ? ಕರ್ನಾಟಕದಲ್ಲಿ ಸರ್ಕಾರಿ ನೌಕರರು 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಒಂದನೇ ತಾರೀಕು ಹುಟ್ಟಿದವರಾದರೆ ಹಿಂದಿನ ತಿಂಗಳ ಕೊನೆಯ ದಿನವೇ. ಹಾಗಾಗಿ ಜೂನ್ 1ರವರೆಲ್ಲ ಮೇ 31ಕ್ಕೆ ಮನೆಗೆ.

ಈ ತಾರೀಕಿನ ಪುರಾಣ ಯಾಕೆ ಅಂದರೆ, ಅದು ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತು. ಹೆಡ್ ಮಾಸ್ಟರ್ ಆದವರು ಚಾರ್ಜ್ ವಹಿಸಿಕೊಡಬೇಕು. ದಾಸ್ತಾನು ರಿಜಿಸ್ಟರ್, ಬಿಸಿಯೂಟದ ಅಕ್ಕಿಯ ಲೆಕ್ಕ, ಬೀರುವಿನ ಬೀಗದ ಕೈ, ಎಲ್ಲಾ ಒಪ್ಪಿಸಿ ಸಹಿ ಹಾಕಬೇಕು. ನಾವು ಹಾರ ಹಿಡಿದು ಶಾಮಿಯಾನದ ಕೆಳಗೆ ಕಾಯುತ್ತಿದ್ದರೆ ಸಾರ್ ಆಫೀಸಿನಲ್ಲಿ ಕೂತು ಬೆಂಚು ಎಷ್ಟು, ಗ್ಲೋಬ್ ಎಷ್ಟು ಅಂತ ಲೆಕ್ಕ ಕೊಡುತ್ತಿದ್ದರು. ಆ ಗದ್ದಲದಲ್ಲೇ ನಮ್ಮ ಪುಸ್ತಕ ಅವರ ಕೈ ಸೇರಿತು. ಶಾಲು, ಪೇಟ, ಫಲತಾಂಬೂಲದ ನಡುವೆ.

ಈಗ ಪುಸ್ತಕದ ಕಥೆ. ವಾಟ್ಸ್ಯಾಪ್ ಗ್ರೂಪಿನಲ್ಲಿ "ಸಾರ್‌ಗೆ ಶುಭಾಶಯ ಕಳಿಸಿ" ಅಂತ ಹಾಕಿದೆವು. ಬಂದವು, ರಾಶಿ ರಾಶಿ. ಕೆಲವು ಕನ್ನಡದಲ್ಲಿ, ಕೆಲವು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಸುಮಾರು ವಾಯ್ಸ್ ಮೆಸೇಜು. ಪ್ರೆಸ್ಸಿನ ಡಿಟಿಪಿಯವರು ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲೇ ಟೈಪ್ ಮಾಡಿಕೊಡಿ ಅಂದರು. ವಾಟ್ಸ್ಯಾಪ್‌ನಲ್ಲಿ ಬರುವುದು ಯೂನಿಕೋಡ್. ಅದನ್ನು ಅವರ ಫಾಂಟಿಗೆ ಬದಲಾಯಿಸಿದರೆ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತಿತ್ತು. ನನಗೆ ಟೈಪಿಂಗ್ ಬರುತ್ತದೆ ಅಂತ ಕೆಲಸ ನನ್ನ ತಲೆಗೆ ಬಂತು.

ಹೇಗೂ ಎಲ್ಲವನ್ನೂ ಕೂತು ಟೈಪ್ ಮಾಡಬೇಕಲ್ಲ, ಹಾಗೇ ಸ್ವಲ್ಪ ತಿದ್ದಿಬಿಡೋಣ ಅನ್ನಿಸಿತು. ಅಲ್ಲೇ ಕೆಟ್ಟಿದ್ದು. ಎಲ್ಲರದ್ದೂ ನಾಲ್ಕು ಸಾಲಿಗೆ ಇಳಿಯಲಿ, ಪುಟ ನೋಡಲು ಒಂದೇ ಥರ ಇರಲಿ, ಗ್ರಾಮ್ಯ ಮಾತು ಬೇಡ, ಪುಸ್ತಕ ಅಂದಮೇಲೆ ಪುಸ್ತಕದ ಭಾಷೆ ಇರಬೇಕು. ಇಂಥವೆಲ್ಲ ನನ್ನ ತಲೆಯಲ್ಲಿ.

ಒಂದು ಉದಾಹರಣೆ ಕೊಟ್ಟರೆ ನಿಮಗೆ ಅರ್ಥವಾಗುತ್ತದೆ. ಒಬ್ಬಳು ಹೀಗೆ ಕಳಿಸಿದ್ದಳು: "ಸಾರ್, ನಮ್ಮೂರ ಬಸ್ ಯಾವಾಗ್ಲೂ ಲೇಟು. ನೀವು ಹಾಜರಿ ಕರೀವಾಗ ನನ್ ನಂಬರ್ ಬಿಟ್ಟು ಮುಂದೆ ಹೋಗಿ, ಕೊನೇಲಿ ವಾಪಸ್ ಬಂದು ಕರೀತಿದ್ರಿ. ಒಂದಿನಾನೂ ಆಬ್ಸೆಂಟ್ ಹಾಕ್ಲಿಲ್ಲ. ಬೇರೆಯವ್ರಿಗೆ ಗೊತ್ತಾಗ್ಬಾರ್ದು ಅಂತ ಇನ್ನೊಂದೆರಡು ನಂಬರೂ ಬಿಟ್ಟು ಓದ್ತಿದ್ರಿ." ನಾನು ಅದನ್ನು "ಶಿಸ್ತಿನ ಜೊತೆಗೆ ವಾತ್ಸಲ್ಯವನ್ನೂ ಧಾರೆಯೆರೆದ ಗುರುಗಳಿಗೆ ಹೃತ್ಪೂರ್ವಕ ನಮನಗಳು. ತಮ್ಮ ನಿವೃತ್ತಿ ಜೀವನ ಸುಖಮಯವಾಗಿರಲಿ" ಅಂತ ಮಾಡಿದೆ. ಎಲ್ಲರೂ "ಸೂಪರ್ ಆಗಿ ಬರ್ದಿದ್ದೀಯ" ಅಂದರು. ನನಗೂ ಹೌದು ಅನ್ನಿಸಿತು.

ವಾಯ್ಸ್ ಮೆಸೇಜುಗಳ ಗತಿ ಇನ್ನೂ ಕೆಟ್ಟದ್ದು. ಬರೆಯಲು ಬೇಜಾರಿದ್ದವರು, ಬರವಣಿಗೆ ಅಷ್ಟು ಬಾರದವರು ಮಾತಾಡಿ ಕಳಿಸಿದ್ದರು. ನಿಜ ಹೇಳಬೇಕೆಂದರೆ ಜೀವ ಇದ್ದದ್ದೇ ಅವುಗಳಲ್ಲಿ. ಹಿಂದೆ ಟ್ರ್ಯಾಕ್ಟರ್ ಸದ್ದು, ಮಗುವಿನ ಅಳು, ಮಧ್ಯೆ "ತಡಿಯಮ್ಮ, ಸಾರ್‌ಗೆ ಮಾತಾಡ್ತಿದೀನಿ" ಅನ್ನೋದು. ಕೇಳಿ ಕೇಳಿ ಟೈಪ್ ಮಾಡಲು ಸಮಯವಿಲ್ಲ ಅಂತ ಅವರ ಹೆಸರಿನ ಕೆಳಗೆ ನಾನೇ ಒಂದು ರೆಡಿ ಸಾಲು ಕೂರಿಸಿದೆ.

ಇನ್ನು ಹೆಸರು. ವಾಟ್ಸ್ಯಾಪ್‌ನಲ್ಲಿ ಹೇಗಿತ್ತೋ ಹಾಗೇ ಹಾಕಿದೆ. ಇನಿಷಿಯಲ್ ಇಲ್ಲ, ಬ್ಯಾಚ್ ಇಲ್ಲ, ಊರಿಲ್ಲ. ಮದುವೆಯಾದ ಮೇಲೆ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿಕೊಂಡವರದ್ದು ಹಾಗೇ ಬಂತು. ಫೋಟೋ ಬೇರೆ ಈಗಿನದ್ದು. ಹದಿನೈದು ವರ್ಷದ ಹುಡುಗನನ್ನು ನೋಡಿದ್ದ ಮನುಷ್ಯನಿಗೆ ಗಡ್ಡ ಬಿಟ್ಟ, ಕೂಲಿಂಗ್ ಗ್ಲಾಸ್ ಹಾಕಿದ ನಲವತ್ತರ ಗಂಡಸಿನ ಫೋಟೋ ಕೊಟ್ಟರೆ ಏನು ಗೊತ್ತಾಗಬೇಕು?

ಮಳೆಗಾಲದಲ್ಲಿ ಸಾರ್ ಫೋನ್ ಮಾಡಿದರು. "ಏನೋ, ಇದರಲ್ಲಿ ಮಂಜುನಾಥ ಅಂತ ನಾಲ್ಕು ಜನ ಇದ್ದಾರಲ್ಲೋ. ಮೊದಲನೆಯವನು ಯಾರು? ಕೆರೆ ಏರಿ ಮೇಲಿಂದ ನಡ್ಕೊಂಡು ಬರ್ತಿದ್ದನಲ್ಲ, ಅವನಾ?" ನನಗೆ ಗೊತ್ತಿರಲಿಲ್ಲ. ನೋಡಿ ಹೇಳ್ತೀನಿ ಸಾರ್ ಅಂದೆ. ಎಲ್ಲಿ ನೋಡುವುದು? ಅಷ್ಟರಲ್ಲಿ ಫೋನ್ ಬದಲಾಗಿತ್ತು, ಹಳೆಯ ಚಾಟ್ ಹೋಗಿತ್ತು. ಪುಸ್ತಕ ಪ್ರಿಂಟ್ ಆಯ್ತಲ್ಲ, ಇನ್ಯಾಕೆ ಅಂತ ಯಾರೂ ಮೂಲ ಮೆಸೇಜುಗಳನ್ನು ಉಳಿಸಿಕೊಂಡಿರಲಿಲ್ಲ. ಗ್ರೂಪಿನಿಂದಲೂ ಅರ್ಧಕ್ಕರ್ಧ ಜನ ಎದ್ದು ಹೋಗಿದ್ದರು.

ಆಮೇಲೆ ಅವರ ಮನೆಗೆ ಹೋದಾಗ ಪುಸ್ತಕ ನೋಡಿದೆ. ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಊಹೆ ಬರೆದುಕೊಂಡಿದ್ದರು. "98ರ ಬ್ಯಾಚ್?" "ಬಡಗಿ ಮನೆ ಹುಡುಗ?" "ಸೈಕಲ್‌ಗಿಂತ ಮುಂಚೆ." ಉತ್ತರಪತ್ರಿಕೆ ತಿದ್ದುತ್ತಿದ್ದ ಅದೇ ಸಣ್ಣ ಅಕ್ಷರ. ಸೈಕಲ್ ಅಂದರೆ ಎಂಟನೇ ಕ್ಲಾಸಿನವರಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್. ಅದು ಶುರುವಾಗಿದ್ದು 2006-07ರಲ್ಲಿ. ಅದಕ್ಕಿಂತ ಮುಂಚಿನವರು ನಡೆದು ಬಂದವರು, ನಂತರದವರು ಸೈಕಲ್ಲಿನಲ್ಲಿ ಬಂದವರು. ಸಾರ್ ತಲೆಯಲ್ಲಿ ನಮ್ಮನ್ನು ಜೋಡಿಸಿಟ್ಟುಕೊಂಡಿದ್ದು ಹೀಗೆ. ನಮ್ಮ ಪುಸ್ತಕದಲ್ಲಿ ಹೃತ್ಪೂರ್ವಕ ಇತ್ತು, ಇದೊಂದೂ ಇರಲಿಲ್ಲ.

ಆ ಬಸ್ಸಿನ ಹುಡುಗಿಯ ಪುಟದ ಅಂಚಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಇತ್ತು. ಅದೊಂದು ನನಗೆ ನೆನಪಿತ್ತು, ಹೇಳಿದೆ. "ಓ, ಅವಳಾ! ಅವಳಿಗೆ ಗೊತ್ತಾಗಿತ್ತಾ ಅದು?" ಅಂತ ಜೋರಾಗಿ ನಕ್ಕರು. ಉಳಿದವರ ವಿಷಯದಲ್ಲಿ ಅಂಥದ್ದು ಎಷ್ಟು ಹೋಯಿತೋ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವರಿಗೆ ಶುಭಾಶಯ ಬೇಕಾಗಿಲ್ಲ. ಮೂವತ್ತು ವರ್ಷ ಪಾಠ ಮಾಡಿದವರಿಗೆ ಆಯುರಾರೋಗ್ಯ ಹಾರೈಸಲು ಬೇಕಾದಷ್ಟು ಜನ ಇರುತ್ತಾರೆ. ತಮ್ಮ ಕೈಯಲ್ಲಿ ಓದಿದವರು ಯಾರು ಯಾರು ಏನಾದರು, ಯಾರಿಗೆ ಯಾವುದು ನೆನಪಿದೆ ಅನ್ನೋದು ಬೇಕು. ಅದನ್ನು ನಿಮ್ಮಂಥವರು ಮಾತ್ರ ಕೊಡಬಲ್ಲಿರಿ. ಭಾಷೆ ಸುಮಾರಾಗಿದ್ದರೂ ನಡೆಯುತ್ತದೆ. ತಪ್ಪು ಕಾಗುಣಿತ ಇದ್ದರೆ ಇನ್ನೂ ಒಳ್ಳೆಯದು, ಅಕ್ಷರ ನೋಡಿಯೇ ಅವರು ಯಾರು ಅಂತ ಗುರುತು ಹಿಡಿದಾರು.

ವೇದಿಕೆ ಮೇಲೆ ಓದುವ ಯೋಚನೆ ಇದ್ದರೆ ಬಿಡಿ. ಅಲ್ಲಿ ಹಳೆ ವಿದ್ಯಾರ್ಥಿಗಳಿಗೆ ಸಿಗುವುದು ವಂದನಾರ್ಪಣೆಗೆ ಮುಂಚಿನ ಐದು ನಿಮಿಷ. ಉಳಿದದ್ದೆಲ್ಲ ಅತಿಥಿಗಳ ಭಾಷಣ. ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದ ಕಥೆ ಗೊತ್ತಲ್ಲ? ನಮ್ಮ ಸಮಾರಂಭದಲ್ಲಿ ಭಾಷಣ ಮಾಡಿದವರು ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹೇಳಿದರು. ಒಳ್ಳೆ ಕಥೆಯೇ. ಆದರೆ ಆ ಹುಡುಗರು ಅವತ್ತು ಭಾಷಣ ಮಾಡಲಿಲ್ಲ, ಗಾಡಿ ಎಳೆದರು. ನಮ್ಮವರು ತದ್ವಿರುದ್ಧ.

ಇನ್ನೊಂದು, ಇದು ಸ್ವಲ್ಪ ಖಾರ ಅನ್ನಿಸಬಹುದು. "ನಿಮ್ಮ ಬೆತ್ತದ ಏಟಿನಿಂದಲೇ ನಾವು ಮನುಷ್ಯರಾದೆವು" ಅನ್ನುವ ಸಾಲು ಇಂಥ ಪುಸ್ತಕಗಳಲ್ಲಿ ತುಂಬಿರುತ್ತದೆ. ದಯವಿಟ್ಟು ಬರೆಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ, ಅದು ಒಂದು ಕಾರಣ. ಅದಕ್ಕಿಂತ ಮುಖ್ಯ, ನಮ್ಮ ಸಾರ್ ಬೆತ್ತ ಕೈಬಿಟ್ಟು ಎಷ್ಟೋ ವರ್ಷವಾಗಿತ್ತು. "ನಾನು ಮಾಡಿದ್ದು ಬರೀ ಇದೇ ಏನೋ?" ಅಂತ ಆ ಪುಟಗಳನ್ನು ತೋರಿಸಿ ಕೇಳಿದರು. ಏನು ಹೇಳಲಿ. ಯಾರಿಗಾದರೂ ನಿಜವಾಗಿ ಏಟಿನ ನೋವು ಉಳಿದಿದ್ದರೆ ಅದನ್ನು ನೇರವಾಗಿ ಬರೆಯಲಿ, ಅದಕ್ಕೊಂದು ಬೆಲೆ ಇದೆ. ತಮಾಷೆ ಮಾಡಿ ಹೊಗಳುವುದು ಬೇಡ.

ಉಂಗುರ, ಚಿನ್ನದ ನಾಣ್ಯ ಅಂತ ಯಾರಾದರೂ ಹೊರಟಿದ್ದರೆ ಸ್ವಲ್ಪ ತಡೆಯಿರಿ. ಸೇವೆಯಲ್ಲಿ ಇರುವವರೆಗೆ ಅವರಿಗೆ ಸರ್ಕಾರಿ ನೌಕರರ ನಡತೆ ನಿಯಮಗಳು ಅನ್ವಯಿಸುತ್ತವೆ, ದುಬಾರಿ ಉಡುಗೊರೆ ತೆಗೆದುಕೊಳ್ಳಲು ನಿರ್ಬಂಧ ಇದೆ. ಸುಮ್ನೆ ಕೊನೆಯ ದಿನ ಅವರನ್ನು ಪೇಚಿಗೆ ಸಿಕ್ಕಿಸಬೇಡಿ.

ಮತ್ತೆ, "ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳು" ಅಂತ ಮಾತ್ರ ಯೋಚಿಸಬೇಡಿ. ಹೆಡ್ ಮಾಸ್ಟರ್ ಆಗುವ ಹೊತ್ತಿಗೆ ಅವರು ಬೇರೆ ಬೇರೆ ಶಾಲೆಗಳಲ್ಲಿ ಕೆಲಸ ಮಾಡಿರುತ್ತಾರೆ. ಆ ಊರುಗಳ ಹುಡುಗರಿಗೆ ನಿಮ್ಮ ಗ್ರೂಪಿನ ಸುಳಿವೇ ಇರುವುದಿಲ್ಲ. ನಿಮ್ಮ ಸಾರ್ ಮನೆಯವರನ್ನು ಕೇಳಿದರೆ ಅವರು ಯಾವ ವರ್ಷ ಎಲ್ಲಿದ್ದರು ಅಂತ ಹೇಳುತ್ತಾರೆ. ಒಂದೊಂದು ಊರಿಗೆ ಒಬ್ಬ ಸಿಕ್ಕಿದರೆ ಸಾಕು, ಅವನು ಉಳಿದವರನ್ನು ಎಳೆದು ತರುತ್ತಾನೆ. ನಾವು ಇದನ್ನು ಯೋಚಿಸಿಯೇ ಇರಲಿಲ್ಲ.

ಕೊಡುವುದು ಯಾವಾಗ ಅಂದರೆ, ಮೇ 31ಕ್ಕೆ ಬೇಡವೇ ಬೇಡ. ಅವತ್ತು ಹಾರ ಹಾಕಿ, ಊಟ ಮಾಡಿ, ಬನ್ನಿ. ಪುಸ್ತಕ ಜೂನ್ ಕೊನೆಗೆ, ಮನೆಗೆ ಹೋಗಿ ಕೊಡಿ. ಆಗ ಅವರಿಗೆ ಓದಲು ಪುರುಸೊತ್ತು ಇರುತ್ತದೆ, ನಿಮಗೂ ಕೂತು ಮಾತಾಡಲು ಆಗುತ್ತದೆ. ಪ್ರಿಂಟ್ ಹಾಕಿಸಲೇಬೇಕು ಅಂತಲೂ ಇಲ್ಲ. ಎಲ್ಲರೂ ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಲಿ, ಅದನ್ನೇ ಕಲರ್ ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿ. ನುಡಿ, ಯೂನಿಕೋಡ್ ಯಾವ ರಗಳೆಯೂ ಇಲ್ಲ. ವಾಯ್ಸ್ ಮೆಸೇಜುಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ, ಕಾರಿನಲ್ಲೋ ಟಿವಿಯಲ್ಲೋ ಕೇಳುತ್ತಾರೆ. ಮೂಲ ಎಲ್ಲವನ್ನೂ ಕನಿಷ್ಠ ಇಬ್ಬರು ಉಳಿಸಿಕೊಳ್ಳಿ. ಯಾರಿಗೂ ತಿದ್ದಲು ಕೊಡಬೇಡಿ, ಅದರಲ್ಲೂ "ನನಗೆ ಕನ್ನಡ ಚೆನ್ನಾಗಿ ಬರುತ್ತೆ" ಅನ್ನುವವರಿಗೆ.

ನೀವು ಸಾಲು ಕೇಳಿದ್ದೀರಿ, ಬರಿಗೈಯಲ್ಲಿ ಕಳಿಸುವುದಿಲ್ಲ. ಪುಸ್ತಕಕ್ಕಲ್ಲ, ಗ್ರೂಪಿಗೆ ಹಾಕಲು. ಇದನ್ನೇ ಕಾಪಿ ಮಾಡಿಕೊಳ್ಳಿ:

"ಸಾರ್‌ಗೆ ಶುಭಾಶಯ ಬರೆಯಬೇಡಿ, ಅವರ ಬಗ್ಗೆ ನಿಮಗೆ ಮಾತ್ರ ಗೊತ್ತಿರುವ ಒಂದು ಘಟನೆ ಬರೆಯಿರಿ. ಮನೆಯಲ್ಲಿ ಮಾತಾಡುವ ಹಾಗೇ ಬರೆಯಿರಿ. ಕೆಳಗೆ ಹಾಜರಿ ಪುಸ್ತಕದಲ್ಲಿದ್ದ ನಿಮ್ಮ ಪೂರ್ತಿ ಹೆಸರು, ಎಸ್ಸೆಸ್ಸೆಲ್ಸಿ ಪಾಸೋ ಫೇಲೋ ಆದ ವರ್ಷ, ಆಗ ಯಾವ ಊರಿಂದ ಹೇಗೆ ಬರುತ್ತಿದ್ದಿರಿ, ಈಗ ಏನು ಮಾಡುತ್ತಿದ್ದೀರಿ, ಫೋನ್ ನಂಬರ್. ಹತ್ತನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಎಷ್ಟನೇ ಸಾಲು, ಎಡದಿಂದ ಎಷ್ಟನೆಯವರು ಅಂತಲೂ ಹಾಕಿ. ಫೋಟೋ ದಿನ ರಜೆ ಹಾಕಿದ್ದವರು ಅದನ್ನೂ ಬರೆಯಿರಿ, ಸಾರ್‌ಗೆ ಯಾಕೆ ಅಂತ ಗೊತ್ತಿರುತ್ತೆ."